ಪೆಟ್ಟಿಗೆ ನಾಲ್ಕರ ಕೂಸಿನ ಏಳನೇ ದಿನ: ಉಪ್ಪು, ಕುಟ್ಟಾಣಿ ಮತ್ತು ತೊಳೆದ ಕೈಗಳ ಬಗ್ಗೆ

ಸೋಂಕು ತಡೆ ವಿಭಾಗ
ನವಜಾತ ಶಿಶು ವಾರ್ಡು, ಎರಡನೇ ಮಹಡಿ (ಲಿಫ್ಟ್ ಕೆಟ್ಟಿರುವುದರಿಂದ ಮೆಟ್ಟಿಲ ಮೂಲಕ)

ಸುತ್ತೋಲೆ ಸಂಖ್ಯೆ: ಸೋಂ.ತ./ಕೂಸು/ಉಪ್ಪು/3

ವಿಷಯ: ಪೆಟ್ಟಿಗೆ ನಾಲ್ಕರಲ್ಲಿರುವ, ಇನ್ನೂ ಹೆಸರಿಡದ ಹೆಣ್ಣುಕೂಸಿನ ಏಳನೇ ದಿನದ ಶಾಸ್ತ್ರವನ್ನು ಸೋಂಕು ತಗಲದಂತೆ ನೆರವೇರಿಸುವ ಬಗ್ಗೆ, ಹಾಗೂ ಆ ಕೂಸಿನ ತಾಯಿ ಒಮ್ಮೆಯಾದರೂ ಪೆಟ್ಟಿಗೆಯೊಳಗೆ ಕೈ ಹಾಕಿ ಮಗುವನ್ನು ಮುಟ್ಟುವಂತೆ ಮಾಡುವ ಬಗ್ಗೆ.

ಉಲ್ಲೇಖ:
(ಅ) 'ವಾರ್ಡಿನೊಳಗೆ ಶಾಸ್ತ್ರ ಮಾಡತಕ್ಕದ್ದಲ್ಲ' ಎಂಬ ಮೊದಲ ಸುತ್ತೋಲೆ. (ಪಾಲಿಸಲಾಗಿದೆ. ಶಾಸ್ತ್ರವನ್ನು ಕೈ ತೊಳೆಯುವ ಕೋಣೆಯಲ್ಲಿ ಆರಂಭಿಸಲಾಯಿತು.)
(ಆ) 'ಕೈ ತೊಳೆಯುವ ಕೋಣೆಯಲ್ಲೂ ಮಾಡತಕ್ಕದ್ದಲ್ಲ' ಎಂಬ ಎರಡನೇ ಸುತ್ತೋಲೆ. (ಇದನ್ನೂ ಪಾಲಿಸಲಾಗಿದೆ. ಶಾಸ್ತ್ರವನ್ನು ಹೊಸ್ತಿಲಿಗೆ ಸ್ಥಳಾಂತರಿಸಲಾಯಿತು.)
(ಇ) ಕೂಸಿನ ಅಜ್ಜಿ, ಹಜ್ ಮಾಡಿಬಂದ ಗೌರವಕ್ಕೆ 'ಹಾಗ್ಗಾ' ಎನಿಸಿಕೊಂಡ ಹಾಗ್ಗಾ ಇನ್ಶಿರಾಹ್ ಅವರು ಮೆಟ್ಟಿಲ ಮೇಲೆ ನಿಂತು, ಎಲ್ಲ ಮಹಡಿಗಳಿಗೂ ಕೇಳಿಸುವಂತೆ ಸಲ್ಲಿಸಿದ ಮೌಖಿಕ ಮನವಿ.
(ಈ) ಈ ಸುತ್ತೋಲೆಗೆ ಸಹಿ ಹಾಕಿರುವ ಡಾ. ಶೌಕಿ ಬಸ್ಯೂನಿ (ಇನ್ನು ಮುಂದೆ 'ಸಹಿದಾರರು') ಅವರ ಬಲಗಣ್ಣಿನ ತಪಾಸಣಾ ಚೀಟಿ.

ಪ್ರಸ್ತಾವನೆ:

ದಿನ ತುಂಬುವ ಮೊದಲೇ ಹುಟ್ಟಿದ ಸದರಿ ಕೂಸು ಒಂದು ದೊಡ್ಡ ಬದನೆಕಾಯಿಯಷ್ಟು ಭಾರವಿದ್ದು, ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿದೆ. ಸದರಿ ವಾರ್ಡನ್ನು ಸೋಂಕು ನುಸುಳದಂತೆ ಬಹಳ ತಲೆ ಓಡಿಸಿ ಕಟ್ಟಲಾಗಿದೆ. ಗೋಡೆಯೂ ನೆಲವೂ ಕೂಡುವಲ್ಲಿ ಮೂಲೆಯೇ ಇಲ್ಲ. ಬಟ್ಟಲಿನ ಹಾಗೆ ಬಾಗಿರುವುದರಿಂದ ದೂಳಿಗೆ ಕೂರಲು ಜಾಗವಿಲ್ಲ. ಕಿಟಕಿ ಕಟ್ಟೆಗಳು ಇಳಿಜಾರಾಗಿವೆ. ಯಾರೂ ಅವುಗಳ ಮೇಲೆ ಏನನ್ನೂ ಇಡುವಂತಿಲ್ಲ. ನಲ್ಲಿಯನ್ನು ಮೊಣಕೈಯಿಂದ ತಿರುಗಿಸಬೇಕು. ಒಳಗಿನ ಶುದ್ಧ ಗಾಳಿ ಸದಾ ಹೊರಕ್ಕೇ ತಳ್ಳುತ್ತದೆ. ಬಾಗಿಲು ತೆರೆದರೂ ಹೊರಗಿನದು ಒಳಗೆ ಬರುವುದಿಲ್ಲ. ಕಟ್ಟಿದವರು ಎಲ್ಲವನ್ನೂ ಯೋಚಿಸಿದ್ದರು. ಅಜ್ಜಿಯರನ್ನು ಮಾತ್ರ ಯೋಚಿಸಿರಲಿಲ್ಲ.

ಕಳೆದ ಗುರುವಾರ ಕೂಸಿಗೆ ಏಳು ದಿನ ತುಂಬಲಾಗಿ, ಹಾಗ್ಗಾ ಇನ್ಶಿರಾಹ್ ಅವರು ಹಿತ್ತಾಳೆ ಕುಟ್ಟಾಣಿ, ಗೋಧಿ ಜರಡಿ, ಏಳು ಬಗೆಯ ಕಾಳು, ಉಪ್ಪು, ಮೇಣದಬತ್ತಿ ಹಾಗೂ ಎರಡು ಟುಕ್‌ಟುಕ್ ಆಟೋಗಳ ತುಂಬ ನೆಂಟರೊಂದಿಗೆ ಆಗಮಿಸಿದರು. ಅವರು ಇಳಿಜಾರು ಕಟ್ಟೆಯ ಮೇಲೆ ಬಿಸಿ ಮೊಗಾತ್ ತುಂಬಿದ ಪಾತ್ರೆಯನ್ನು ಇಡಲಾಗಿ, ಬಾಣಂತಿಗೆಂದು ತುಪ್ಪ ಹಾಕಿ ಕುದಿಸಿದ್ದ ಆ ಪಾನೀಯವು ಸಹಿದಾರರ ಬೂಟುಗಳನ್ನು ಪ್ರವೇಶಿಸಿತು. ವಿನ್ಯಾಸವು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದು ಇದರಿಂದ ದೃಢಪಟ್ಟಿದೆ.

ಬಳಿಕ ಅವರು ಹೊಸ್ತಿಲಲ್ಲಿ ನಿಂತು, ಕೂಸಿಗೆ ದೃಷ್ಟಿ ತಾಗದಿರಲೆಂದು ಒಳಕ್ಕೆ ಒಂದು ಹಿಡಿ ಉಪ್ಪು ಎರಚಿದರು. ಗಾಳಿಯು ತನ್ನ ಕರ್ತವ್ಯದಂತೆ ಅದನ್ನು ಹೊರಕ್ಕೆ ತಳ್ಳಿತು. ಉಪ್ಪು ಸಹಿದಾರರ ಬಲಗಣ್ಣಿಗೆ ಬಿತ್ತು. ಆ ಸಂದರ್ಭದ ಮಾತುಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

ಹಾಗ್ಗಾ ಇನ್ಶಿರಾಹ್: "ಉಪ್ಪು ಸುಮ್ಸುಮ್ನೆ ಯಾರ ಕಣ್ಣಿಗೂ ಬೀಳಲ್ಲ, ಮಗನೇ ಡಾಕ್ಟ್ರೇ. ಹೊಟ್ಟೆಕಿಚ್ಚಿನ ಕಣ್ಣು ಎಲ್ಲಿದೆ ಅಂತ ಹುಡುಕ್ಕೊಂಡು ಹೋಗುತ್ತೆ."

ಬಾಗಿಲ ಕಾವಲಿನ, ಆಸ್ಪತ್ರೆಗೆಲ್ಲ ಚಿಕ್ಕಪ್ಪನಾದ ಗಾಬಿರ್ ಚಿಕ್ಕಪ್ಪ (ಯಾರೂ ಕೇಳದಿದ್ದರೂ): "ಡಾಕ್ಟ್ರಿಗೆ ನಾಲ್ಕೂ ಗಂಡ್ಮಕ್ಳೇ, ಹಾಗ್ಗಾ. ಒಂದು ಹೆಣ್ಣಾಗ್ಲಿ ಅಂತ ಮನೇಲಿ ಬಹಳ ಆಸೆ ಇತ್ತಂತೆ."

ಹಾಗ್ಗಾ ಇನ್ಶಿರಾಹ್: "ನಾ ಹೇಳ್ಲಿಲ್ವಾ? ಉಪ್ಪಿಗಿಂತ ದೊಡ್ಡ ಡಾಕ್ಟ್ರು ಯಾರಿದಾರೆ?"

ಸಹಿದಾರರಿಗೆ ಸದರಿ ಕೂಸಿನ ಮೇಲೆ ಯಾವುದೇ ಅಸೂಯೆ ಇರುವುದಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

ಇವೆಲ್ಲಕ್ಕಿಂತ ಗಂಭೀರವಾದ ವಿಷಯವನ್ನು ಹಿರಿಯ ನರ್ಸ್ ಮಾರ್ಸೆಲ್ ಅವರು ವಿಭಾಗದ ಗಮನಕ್ಕೆ ತಂದಿದ್ದಾರೆ. ಕೂಸಿನ ತಾಯಿ ಸಬ್ರೀನ್ ಅವರು ಹೆತ್ತಂದಿನಿಂದ ಮಗುವನ್ನು ಮುಟ್ಟಿಲ್ಲ. ದಿನವೂ ಬರುತ್ತಾರೆ, ಕೈ ತೊಳೆಯುತ್ತಾರೆ, ಪೆಟ್ಟಿಗೆಯ ದುಂಡು ಕಿಂಡಿಯವರೆಗೆ ಹೋಗುತ್ತಾರೆ. ಎದುರು ಗೋಡೆಯ ಭಿತ್ತಿಪತ್ರ ಕಣ್ಣಿಗೆ ಬೀಳುತ್ತದೆ. ತಿರುಗಿ ಬಂದು ಮತ್ತೆ ಕೈ ತೊಳೆಯುತ್ತಾರೆ. ಸದರಿ ಭಿತ್ತಿಪತ್ರದಲ್ಲಿ ಒಂದು ದೊಡ್ಡ ಕೈಯಿದ್ದು, ಅದರ ತುಂಬ ಹಲ್ಲು ಕಿರಿಯುವ ಹಸಿರು ಹುಳುಗಳಿವೆ. ಅದನ್ನು ಬರೆದವರು ಸಹಿದಾರರೇ. ಪ್ರಾಂತ್ಯ ಮಟ್ಟದ ಸ್ಪರ್ಧೆಯಲ್ಲಿ ಅದಕ್ಕೆ ಎರಡನೇ ಬಹುಮಾನ ಬಂದಿರುತ್ತದೆ.

ಸಬ್ರೀನ್ ಅವರು ನರ್ಸ್ ಮಾರ್ಸೆಲ್ ಅವರಲ್ಲಿ ಹೇಳಿಕೊಂಡದ್ದು: "ಆ ಚಿತ್ರದ ಕೈ ನನ್ ಕೈ ಥರಾನೇ ಇದೆ, ಸಿಸ್ಟರ್. ಎಷ್ಟು ತೊಳೆದ್ರೂ ಹುಳ ಒಂದಾದ್ರೂ ಉಳಿದಿರುತ್ತೆ ಅನ್ಸುತ್ತೆ. ಅವಳು ಇಷ್ಟೇ ಇಷ್ಟಿದಾಳೆ. ನಾನು ದೂರದಿಂದ್ಲೇ ನೋಡ್ತೀನಿ ಬಿಡಿ."

ತೊಳೆದ ತಾಯಿಯ ಕೈ ಕೂಸಿಗೆ ಅಪಾಯವಲ್ಲ, ಔಷಧಿ; ತಾಯಿ ಮುಟ್ಟಿ, ಎದೆಗವಚಿಕೊಂಡ ಕೂಸುಗಳು ಬೇಗ ಬೆಳೆಯುತ್ತವೆ, ಸೋಂಕನ್ನೂ ಚೆನ್ನಾಗಿ ತಡೆದುಕೊಳ್ಳುತ್ತವೆ. ಈ ವಾಕ್ಯವು ಭಿತ್ತಿಪತ್ರದಲ್ಲಿ ಇರಬೇಕಿತ್ತು. ಹುಳುಗಳಿಗೆ ಹಲ್ಲು ಬರೆಯುವುದರಲ್ಲಿ ಜಾಗ ಮುಗಿದುಹೋಗಿತ್ತು.

"ಶಾಸ್ತ್ರ ಆಗ್ದೆ ನನ್ ಮಗಳಿಗೆ ಧೈರ್ಯ ಬರಲ್ಲ" ಎಂಬುದು ಹಾಗ್ಗಾ ಇನ್ಶಿರಾಹ್ ಅವರ ವಾದ. ಸಹಿದಾರರ ಬಳಿ ಇದಕ್ಕಿಂತ ಉತ್ತಮ ಉಪಾಯವಿಲ್ಲದ ಕಾರಣ, ಈ ಕೆಳಕಂಡಂತೆ ಆದೇಶಿಸಲಾಗಿದೆ.

ಆದೇಶ:

1. ಕಳೆದ ಗುರುವಾರ ಕೂಸಿಗೆ ಏಳು ದಿನ ತುಂಬಿದ್ದನ್ನು ರದ್ದುಪಡಿಸಿ, ಬರುವ ಗುರುವಾರವನ್ನೇ ಅದರ ಏಳನೇ ದಿನವೆಂದು ಘೋಷಿಸಲಾಗಿದೆ. ಕೂಸು ಹೇಗೂ ಹೇಳಿದ್ದಕ್ಕಿಂತ ಮೊದಲೇ ಬಂದಿರುವುದರಿಂದ ಲೆಕ್ಕ ಸರಿಹೋಗುತ್ತದೆ.

2. ಯಾವುದೇ ದಿಕ್ಕಿನಿಂದ, ಯಾವುದೇ ಉದ್ದೇಶದಿಂದ ಉಪ್ಪು ಎರಚತಕ್ಕದ್ದಲ್ಲ. ಕೂಸಿನ ಪೆಟ್ಟಿಗೆಯ ಪಕ್ಕ ತೂಗುಹಾಕಿರುವ ಸಲೈನ್ ಉಪ್ಪುನೀರೇ ಆಗಿದ್ದು, ಶಾಸ್ತ್ರದ ಉಪ್ಪು ಈಗಾಗಲೇ ಹನಿಹನಿಯಾಗಿ, ಸರ್ಕಾರಿ ವೆಚ್ಚದಲ್ಲಿ ಸಲ್ಲುತ್ತಿದೆ ಎಂದು ಭಾವಿಸತಕ್ಕದ್ದು.

3. ಏಳು ಬಗೆಯ ಕಾಳುಗಳನ್ನು ಬಾಯಿ ಮುಚ್ಚಿದ ಚೀಲದಲ್ಲಿ ಹಾಕಿ ವಾರ್ಡಿನ ಗಾಜುಗೋಡೆಯ ಹೊರಮೈಗೆ ಅಂಟಿಸತಕ್ಕದ್ದು. ಕಳೆದ ವಾರ ಚೆಲ್ಲಿದ ಮಸೂರ ಬೇಳೆಯನ್ನು ಹುಡುಕಿಕೊಂಡು ಬಂದ ಇರುವೆಗಳಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಅವುಗಳ ವಿರುದ್ಧ ಪ್ರತ್ಯೇಕ ಕ್ರಮ ಜರುಗಿಸಲಾಗಿದೆ.

4. ಕೂಸನ್ನು ಜರಡಿಯಲ್ಲಿಟ್ಟು ಅಲುಗಿಸುವ ಪದ್ಧತಿಗೆ ಬದಲಾಗಿ, ಪ್ರತಿದಿನ ತೂಕ ಮಾಡುವ ತಟ್ಟೆಯನ್ನೇ ಜರಡಿಯೆಂದು ಪರಿಗಣಿಸತಕ್ಕದ್ದು. ಕೂಸು ತಟ್ಟೆಯಲ್ಲಿ ತಾನಾಗಿಯೇ ಅಲುಗಾಡುತ್ತದೆ. ಯಾರೂ ನೆರವಾಗತಕ್ಕದ್ದಲ್ಲ.

5. ಕುಟ್ಟಾಣಿ. ಇದನ್ನು ಕೂಸಿನ ಕಿವಿಯ ಬಳಿ ಬಡಿಯತಕ್ಕದ್ದಲ್ಲ. ಇಷ್ಟು ಪುಟ್ಟ ಕೂಸಿಗೆ ಸದ್ದು ಆಗಿಬರುವುದಿಲ್ಲ. ಕೈ ತೊಳೆಯುವ ಕೋಣೆಯಲ್ಲಿ, ದಪ್ಪ ಬಾಗಿಲು ಮುಚ್ಚಿ, ಕುಟ್ಟಾಣಿಗೆ ಟವೆಲ್ ಸುತ್ತಿ, ಮೆಲ್ಲಗೆ ಬಡಿಯತಕ್ಕದ್ದು. ಬಡಿಯುವಾಗ ಅಜ್ಜಿ ಹೇಳುವ ರೂಢಿಯ ಬುದ್ಧಿಮಾತನ್ನು, ಅಂದರೆ "ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳ್ಬೇಡ" ಎಂಬುದನ್ನು, ಅಳಿಯನ ದೋಷಗಳ ವಿವರ ಸಮೇತ ಪೂರ್ತಿ ಹೇಳಲು ಹಿಡಿಯುವ ಹೊತ್ತು, ಸೋಪು ಹಚ್ಚಿ ಕೈ ಉಜ್ಜಲು ಬೇಕಾದ ಹೊತ್ತಿಗೆ ಸರಿಸಮ ಎಂದು ಕಂಡುಬಂದಿದೆ. ಆದ್ದರಿಂದ ಇನ್ನು ಮುಂದೆ ವೈದ್ಯರೂ ಸೇರಿದಂತೆ ಎಲ್ಲರೂ ಅಳಿಯನನ್ನು ಬೈದು ಮುಗಿಸುವವರೆಗೆ ಕೈ ಉಜ್ಜತಕ್ಕದ್ದು.

ಕೂಸಿನ ತಂದೆ, ಟುಕ್‌ಟುಕ್ ಚಾಲಕ ರಜಬ್ ಅವರ ಆಕ್ಷೇಪಣೆ: "ಬೇರೆ ವಾರ್ಡ್‌ನವ್ರೂ ನನ್ನೇ ಬೈಬೇಕಾ, ಡಾಕ್ಟ್ರೇ?" ಪರಿಶೀಲಿಸಿ ತಿರಸ್ಕರಿಸಲಾಗಿದೆ. ಬೇರೆ ವಾರ್ಡಿನವರು ತಮ್ಮ ತಮ್ಮ ಅಳಿಯಂದಿರನ್ನು ಬಳಸತಕ್ಕದ್ದು.

6. ಹೆಸರು. ಹೆಸರಿಗೊಂದು ಮೇಣದಬತ್ತಿ ಹಚ್ಚಿ, ಕೊನೆಯವರೆಗೆ ಉರಿದ ಬತ್ತಿಯ ಹೆಸರನ್ನೇ ಇಡುವ ಪದ್ಧತಿಯು ಆಮ್ಲಜನಕವಿರುವ ವಾರ್ಡಿನಲ್ಲಿ ಕೂಸಿನ ಜೊತೆ ಕಟ್ಟಡವನ್ನೂ ಬೆಳಗಿಸುವ ಸಂಭವವಿರುವುದರಿಂದ ನಿಷೇಧಿಸಲಾಗಿದೆ. ಅದರ ಬದಲು ಕೈ ತೊಳೆಯುವ ಕೋಣೆಯಲ್ಲಿ ದ್ರವ ಸೋಪಿನ ಮೂರು ಬಾಟಲಿಗಳನ್ನು ತೂಗುಹಾಕಲಾಗಿದೆ. ಅಜ್ಜಿಯ ಬಾಟಲಿ 'ಬಹಿಯ್ಯಾ'. ತಂದೆಯ ಬಾಟಲಿ 'ಲಾರೀನ್'. ತಾಯಿಯ ಬಾಟಲಿಯ ಚೀಟಿಯಲ್ಲಿ ಬರೆದದ್ದನ್ನು ಅವರು ಒಳಮುಖ ಮಾಡಿ ಅಂಟಿಸಿದ್ದಾರೆ. ಯಾವ ಬಾಟಲಿ ಮೊದಲು ಖಾಲಿಯಾಗುತ್ತದೋ ಅದೇ ಕೂಸಿನ ಹೆಸರು.

6(ಅ). ಸೋಪನ್ನು ಕೈ ತೊಳೆಯಲು ಮಾತ್ರ ಬಳಸತಕ್ಕದ್ದು. ಬಹಿಯ್ಯಾ ಪಕ್ಷದವರು ಚಹಾ ಲೋಟ ತೊಳೆಯುತ್ತಿರುವುದೂ, ಲಾರೀನ್ ಪಕ್ಷದವರು ಟುಕ್‌ಟುಕ್ ತೊಳೆಯಲು ಒಯ್ದಿರುವುದೂ ಗಮನಕ್ಕೆ ಬಂದಿದೆ. ಗಾಬಿರ್ ಚಿಕ್ಕಪ್ಪ ಎಲ್ಲರ ಕೈಗಳನ್ನೂ ಮೂಸಿ ನೋಡತಕ್ಕದ್ದು. ಅವರಿಗೆ ನೆಗಡಿಯಾದಲ್ಲಿ ಮತ ಎಣಿಕೆ ತಡೆಹಿಡಿಯಲಾಗುವುದು. ಈ ಆಸ್ಪತ್ರೆಯಲ್ಲಿ ಇಷ್ಟು ಕೈಗಳು ಹಿಂದೆಂದೂ ತೊಳೆಯಲ್ಪಟ್ಟಿರಲಿಲ್ಲ ಎಂಬುದನ್ನು ವಿಭಾಗವು ಸಂತೋಷದಿಂದಲೂ ಸ್ವಲ್ಪ ನಾಚಿಕೆಯಿಂದಲೂ ದಾಖಲಿಸುತ್ತದೆ.

7. ಬಳೆ, ಉಂಗುರಗಳನ್ನು ತೆಗೆದ ನಂತರವೇ ಕೈ ತೊಳೆಯತಕ್ಕದ್ದು. ಅವುಗಳ ಕೆಳಗೆ ಕೊಳೆ ಅಡಗುತ್ತದೆ. ಹಾಗ್ಗಾ ಅವರ ಬಳೆಗಳು ಮದುವೆಯಾದಾಗಿನಿಂದ ಕಳಚಿರಲಿಲ್ಲ. ಬಹಿಯ್ಯಾ ಬಾಟಲಿಯ ಸೋಪಿನಿಂದ ಕಳಚಿವೆ. ಬಳೆಗಳ ಕೆಳಗೆ ದೊರೆತದ್ದನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗಿದೆ.

8. ಮೊಗಾತ್ ಅನ್ನು ಕೆಳಗಿನ ಅಂಗಳದಲ್ಲಿ ಮಾತ್ರ ಹಂಚತಕ್ಕದ್ದು. ಸಹಿದಾರರು ಅದನ್ನು ಪರೀಕ್ಷಾರ್ಥವಾಗಿ ಎರಡು ಲೋಟ ಕುಡಿದಿದ್ದು, ವರದಿ ತೃಪ್ತಿಕರವಾಗಿದೆ. ಮೂರನೆಯ ಲೋಟದ ವರದಿ ಬಾಕಿಯಿದೆ.

9. ಶಾಸ್ತ್ರದ ನಂತರ ನೆಲವನ್ನು ಪೊರಕೆಯಿಂದ ಗುಡಿಸತಕ್ಕದ್ದಲ್ಲ. ದೂಳೆದ್ದು ಮತ್ತೆ ಕೂಸಿನ ಮೇಲೇ ಕೂರುತ್ತದೆ. ಒದ್ದೆ ಬಟ್ಟೆಯಿಂದ, ಒಳಗಿನಿಂದ ಹೊರಕ್ಕೆ, ಚೊಕ್ಕ ಜಾಗದಿಂದ ಕೊಳಕು ಜಾಗದ ಕಡೆಗೆ ಒರೆಸತಕ್ಕದ್ದು. ನೆಂಟರನ್ನೂ ಇದೇ ಕ್ರಮದಲ್ಲಿ ಹೊರಸಾಗಿಸತಕ್ಕದ್ದು.

10. ದೃಷ್ಟಿ ನಿವಾರಣೆಯ ನೀಲಿ ಮಣಿಯನ್ನು, ದಿನಕ್ಕೆರಡು ಬಾರಿ ಒರೆಸುವ ಷರತ್ತಿನ ಮೇಲೆ, ಗಾಜಿನ ಹೊರಮೈಗೆ ಅಂಟಿಸಬಹುದು. ಸದರಿ ಮಣಿಯು ಈಗ ಸಹಿದಾರರ ಮೇಜಿನ ಕಡೆಗೇ ಮುಖ ಮಾಡಿದೆ. ಬೇರೆ ದಿಕ್ಕಿಗೆ ತಿರುಗಿಸಿದರೆ ಉಪಕಾರವಾಗುತ್ತದೆ. ಸಹಿದಾರರಿಗೆ ಅಸೂಯೆ ಬಹುಮಟ್ಟಿಗೆ ಇಲ್ಲ.

11. ಹಸಿರು ಹುಳುಗಳ ಭಿತ್ತಿಪತ್ರವನ್ನು, ಅದಕ್ಕೆ ಬಂದ ಬಹುಮಾನದ ಹೊರತಾಗಿಯೂ, ಇಂದೇ ತೆಗೆಯತಕ್ಕದ್ದು. ಆ ಜಾಗದಲ್ಲಿ ನರ್ಸ್ ಮಾರ್ಸೆಲ್ ಅವರು ಪೆನ್ನಿನಲ್ಲಿ ಬರೆದ ಈ ಸಾಲನ್ನು ಅಂಟಿಸತಕ್ಕದ್ದು: "ತೊಳ್ಕೊಂಡು ಬಾ ತಾಯಿ, ಕೂಸು ಕಾಯ್ತಿದೆ." ಇದರಲ್ಲಿ ಯಾವುದೇ ಚಿತ್ರವಿಲ್ಲ. ಸಹಿದಾರರು ಮೂಲೆಯಲ್ಲಿ ಒಂದು ಸಣ್ಣ ಹುಳುವನ್ನಾದರೂ ಬರೆಯಲು ಅನುಮತಿ ಕೋರಿದ್ದು, ನರ್ಸ್ ಮಾರ್ಸೆಲ್ ಅವರು ನಿರಾಕರಿಸಿದ್ದಾರೆ.

12. ತಾಯಿಯ ಕೈ. ಮೇಲಿನ ಎಲ್ಲ ಕಲಮುಗಳೂ ಈ ಕಲಮಿಗಾಗಿಯೇ ಇವೆ. ಗುರುವಾರ ಕುಟ್ಟಾಣಿಯ ಮೊದಲ ಏಟಿಗೆ ಸಬ್ರೀನ್ ಅವರು ಕೈ ಉಜ್ಜಲು ಆರಂಭಿಸತಕ್ಕದ್ದು. ಕೊನೆಯ ಏಟಿಗೆ ನಿಲ್ಲಿಸತಕ್ಕದ್ದು. ಒಮ್ಮೆ ತೊಳೆದರೆ ಸಾಕು. ಎರಡನೇ ಬಾರಿ ನಲ್ಲಿಯ ಕಡೆ ತಿರುಗಿದಲ್ಲಿ ಅಜ್ಜಿ, ತಂದೆ, ನರ್ಸ್, ಕಾವಲುಗಾರ ಮತ್ತು ಸಹಿದಾರರು ನಲ್ಲಿಗೆ ಅಡ್ಡವಾಗಿ ನಿಲ್ಲತಕ್ಕದ್ದು. ಕಿಂಡಿಯ ಬಳಿ ಯಾರೂ ಅವಸರ ಮಾಡತಕ್ಕದ್ದಲ್ಲ, 'ಹಾಕು ಹಾಕು' ಎನ್ನತಕ್ಕದ್ದಲ್ಲ. ಅಳುವವರು ಮುಖಗವುಸಿನೊಳಗೇ ಅಳತಕ್ಕದ್ದು. ನೆನೆದ ಮುಖಗವುಸು ಸೋಂಕು ತಡೆಯುವುದಿಲ್ಲವಾದ್ದರಿಂದ ಕೂಡಲೇ ಬದಲಿಸತಕ್ಕದ್ದು. ಇದಕ್ಕಾಗಿ ಹೆಚ್ಚುವರಿ ಮುಖಗವುಸುಗಳನ್ನು ತರಿಸಲಾಗಿದೆ. ಒಂದನ್ನು ಸಹಿದಾರರಿಗಾಗಿ ಕಾಯ್ದಿರಿಸಲಾಗಿದೆ.

ಈ ಸುತ್ತೋಲೆಯಲ್ಲಿ ನುಣುಚಿಕೊಳ್ಳಲು ಸಂದುಗಳಿದ್ದರೆ ಹಾಗ್ಗಾ ಇನ್ಶಿರಾಹ್ ಅವರು ಈ ಬಾರಿ ದಯವಿಟ್ಟು ಮೊದಲೇ ತಿಳಿಸತಕ್ಕದ್ದು.

(ಸಹಿ)
ಡಾ. ಶೌಕಿ ಬಸ್ಯೂನಿ
ಸೋಂಕು ತಡೆ ಅಧಿಕಾರಿ
(ಎಡಗಣ್ಣಿನಿಂದ ಓದಿ ದೃಢೀಕರಿಸಲಾಗಿದೆ)

ಪ್ರತಿಗಳು:
1. ನರ್ಸ್ ಮಾರ್ಸೆಲ್ ಅವರಿಗೆ, ಗೋಡೆಗೆ ಅಂಟಿಸಲು.
2. ಹಾಗ್ಗಾ ಇನ್ಶಿರಾಹ್ ಅವರಿಗೆ, ಗಟ್ಟಿಯಾಗಿ ಓದಿ ಹೇಳುವ ಮೂಲಕ.
3. ಶ್ರೀ ರಜಬ್ ಅವರಿಗೆ, ಸಾಂತ್ವನಕ್ಕಾಗಿ.
4. ಗಾಬಿರ್ ಚಿಕ್ಕಪ್ಪ ಅವರಿಗೆ, ಸಹಿದಾರರ ಮನೆಯ ವಿಷಯಗಳನ್ನು ಬಾಗಿಲಲ್ಲಿ ಹೇಳಬಾರದೆಂಬ ಸೂಚನೆಯೊಂದಿಗೆ.
5. ಲಿಫ್ಟ್ ದುರಸ್ತಿಯವರಿಗೆ, ಹಳೆಯ ಸ್ನೇಹದ ನೆನಪಿಗಾಗಿ.
6. ಪೆಟ್ಟಿಗೆ ನಾಲ್ಕರ ಕೂಸಿಗೆ. (ಹೆಸರನ್ನು ಗುರುವಾರ ಭರ್ತಿ ಮಾಡತಕ್ಕದ್ದು.)

ಪ್ರತಿ 6ರ ಮೇಲಿನ ಷರಾ, ಗುರುವಾರ, ನರ್ಸ್ ಮಾರ್ಸೆಲ್ ಅವರ ಕೈಬರಹದಲ್ಲಿ:

ತಾಯಿಯ ಬಾಟಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗಿದೆ. ಅಷ್ಟು ಸಲ ಒಬ್ಬರೇ ತೊಳೆದಿದ್ದಾರೆ. ಚೀಟಿ ಬಿಡಿಸಿ ಓದಲಾಗಿ, ಹೆಸರು 'ನಜಾತ್', ಅಂದರೆ ಪಾರಾಗಿ ಉಳಿಯುವುದು. ಅಜ್ಜಿ ಆಕ್ಷೇಪಿಸಿಲ್ಲ, 'ಬಹಿಯ್ಯಾ'ವನ್ನು ಮುಂದಿನ ಹೆರಿಗೆಗೆ ಕಾಯ್ದಿರಿಸಿದ್ದಾರೆ. ಕಾಯ್ದಿರಿಸಿದ್ದ ಮುಖಗವುಸು ಸಾಲದೆ ಡಾಕ್ಟರಿಗೆ ಇನ್ನೊಂದು ಕೊಡಲಾಗಿದೆ. ಈ ಪ್ರತಿಯನ್ನು ಮಾತ್ರ ತಲುಪಿಸಲಾಗದೆ ಹಿಂದಿರುಗಿಸಲಾಗಿದೆ. ವಿಳಾಸದಾರರು ತಾಯಿಯ ಬೆರಳು ಹಿಡಿದುಕೊಂಡಿದ್ದು, ಬಿಡುತ್ತಿಲ್ಲವಾದ್ದರಿಂದ ಸ್ವೀಕರಿಸಲು ಕೈಗೆ ಬಿಡುವಿರುವುದಿಲ್ಲ.