ಅತ್ತೆಯ ಶನಿವಾರದ ಹಾಜರಿ

ನಮ್ಮ ಅತ್ತೆಯ ಎದುರಿಗೆ ಅಪ್ಪಿತಪ್ಪಿ ‘ನನಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ’ ಅಂದುಬಿಟ್ಟೀರಿ, ಜೋಕೆ! ತುಮಕೂರಿನ ನಮ್ಮ ಸಭೆಯಲ್ಲಿ ಈ ಮಾತನ್ನು ಎಲ್ಲರೂ ಬಹಳ ಹಗುರವಾಗಿ ಆಡುತ್ತಾರೆ. ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ಒಬ್ಬರು ಕೇಳುತ್ತಾರೆ, ಗಾಡಿ ಸ್ಟಾರ್ಟ್ ಮಾಡುತ್ತಾ ಇನ್ನೊಬ್ಬರು ‘ಖಂಡಿತ ಮಾಡ್ತೀನಿ’ ಅನ್ನುತ್ತಾರೆ, ಚರ್ಚಿನ ಗೇಟು ದಾಟುವಷ್ಟರಲ್ಲಿ ಇಬ್ಬರಿಗೂ ಮರೆತುಹೋಗಿರುತ್ತದೆ. ನಾನೂ ಈ ಗುಂಪಿನ ಹಳೆಯ ಸದಸ್ಯ. ಅತ್ತೆ ಮಾತ್ರ ಕೈಚೀಲ ಕೆಳಗಿಟ್ಟು, ಕನ್ನಡಕ ಮೇಲೇರಿಸಿ, ವಿಚಾರಣೆಗೆ ನಿಂತುಬಿಡುತ್ತಾಳೆ.

“ಮಂಡಿ ನೋವು ಮೇಡಂ.”

“ಯಾವ ಮಂಡಿ?”

“ಎಡಗಡೇದು.”

“ಮೆಟ್ಲು ಹತ್ತುವಾಗ್ಲೋ, ಇಳಿಯುವಾಗ್ಲೋ?”

“ಇಳಿಯುವಾಗ.”

“ಎಷ್ಟನೇ ಮೆಟ್ಲಿಗೆ ಶುರುವಾಗುತ್ತೆ?”

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿರಾ? ಆ ಎಡ ಮಂಡಿಯ ಅಜ್ಜಿ ಕುಣಿಗಲ್‌ನ ಮಗಳ ಮನೆಯಲ್ಲಿ ಸ್ವಲ್ಪ ದಿನ ಇರಲು ಹೋದಾಗ, ಅತ್ತೆ ಬಸ್ಸು ಹತ್ತಿ ಕುಣಿಗಲ್‌ಗೆ ಹೋದಳು. ಆ ಮನೆಯ ಮೆಟ್ಟಿಲುಗಳನ್ನು ತಾನೇ ನಾಲ್ಕು ಸಲ ಹತ್ತಿ ಇಳಿದಳು. ಸಂಜೆ ಮನೆಗೆ ಬಂದವಳೇ ನನಗೆ ವರದಿ ಒಪ್ಪಿಸಿದಳು: “ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕ್ಸಿ ಅಂತ ಅಳಿಯನಿಗೆ ಹೇಳಿ ಬಂದಿದೀನಿ. ಅರ್ಧ ಕೆಲಸ ಅವ್ನದು, ಇನ್ನರ್ಧ ದೇವ್ರದು.”

ಅತ್ತೆ ಅಂದರೆ ನನಗೆ ಹೆಣ್ಣು ಕೊಟ್ಟ ಅತ್ತೆಯಲ್ಲ, ನಮ್ಮಪ್ಪನ ಅಕ್ಕ. ಗುಬ್ಬಿಯ ಶಾಲೆಯೊಂದರಲ್ಲಿ ಪಿ.ಟಿ. ಮೇಡಂ ಆಗಿದ್ದವಳು. ಮದುವೆಯಾಗಲಿಲ್ಲ. ರಿಟೈರಾದ ಮೇಲೆ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೇ ಬಂದುಬಿಟ್ಟಳು. ಅವಳ ಗಂಟಲಿನ ಬಗ್ಗೆ ಗುಬ್ಬಿಯಲ್ಲಿ ಇಂದಿಗೂ ಕಥೆಗಳಿವೆ. ಮೈದಾನದ ಈ ತುದಿಯಲ್ಲಿ ನಿಂತು ‘ಸಾವಧಾನ್’ ಅಂದರೆ ಆ ತುದಿಯಲ್ಲಿ ಮೇಯುತ್ತಿದ್ದ ಎಮ್ಮೆಯೂ ನೆಟ್ಟಗೆ ನಿಲ್ಲುತ್ತಿತ್ತಂತೆ! ಎಮ್ಮೆಯ ಮಾತು ಇರಲಿ, ನಮ್ಮಪ್ಪ ಅರವತ್ತು ದಾಟಿದ ಮೇಲೂ ನಿಲ್ಲುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

“ದೇವ್ರಿಗೆ ಎಲ್ಲಾ ಗೊತ್ತಿರುತ್ತಲ್ಲ ಅತ್ತೆ. ಎಡಗಾಲೋ ಬಲಗಾಲೋ ನೀನ್ಯಾಕೆ ಹೇಳ್ಬೇಕು?” ಎಂದು ನಾನೊಮ್ಮೆ ಜಾಣತನ ತೋರಿಸಿದ್ದೆ.

“ಅವ್ನಿಗೆ ಗೊತ್ತು ಕಣೋ. ನಂಗೆ ಗೊತ್ತಿಲ್ವಲ್ಲ. ಗೊತ್ತಿಲ್ದೆ ಕೇಳ್ಕೊಂಡ್ರೆ ಅದು ಬರೀ ಬಾಯಿ ಮಾತಾಗುತ್ತೆ.”

ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಮುಕ್ಕಾಲು ಗಂಟೆಯ ಪ್ರಸಂಗದಲ್ಲಿ ಹೇಳಲು ಹೆಣಗುವುದನ್ನು ಇವಳು ತರಕಾರಿ ಹೆಚ್ಚುತ್ತಾ ಹೇಳಿ ಮುಗಿಸಿದ್ದಳು. ನಾನು ಊಟದ ಡಬ್ಬಿ ಎತ್ತಿಕೊಂಡು ಸತ್ಯಮಂಗಲದ ಫ್ಯಾಕ್ಟರಿಗೆ, ನನ್ನ ಕೆಲಸಕ್ಕೆ, ಹೊರಟೆ.

ಇನ್ನು ಅವಳ ಶನಿವಾರದ ವಿಷಯ. ಯಾವ ಚರ್ಚಿನಲ್ಲಾದರೂ ಜನಕ್ಕೆ ಅವರವರ ಜಾಗ ಅಂತ ಇದ್ದೇ ಇರುತ್ತದೆ. ಯಾರೂ ಬರೆದುಕೊಟ್ಟಿರುವುದಿಲ್ಲ, ಆದರೆ ಹೊಸಬರು ಬಂದು ಅಲ್ಲಿ ಕೂತರೆ ಮೂಲದವರ ಮುಖ ನೋಡಬೇಕು! ಶನಿವಾರ ಸಂಜೆ ಕಸ ಗುಡಿಸಿ ಮುಗಿದ ಮೇಲೆ ಅತ್ತೆ ಖಾಲಿ ಚರ್ಚಿಗೆ ಹೋಗುತ್ತಾಳೆ. ಮೊದಲ ಬೆಂಚಿನಿಂದ ಹಿಡಿದು ಪ್ರತಿಯೊಬ್ಬರ ಜಾಗದಲ್ಲೂ ಒಂದೊಂದು ಸಲ ಕೂರುತ್ತಾಳೆ. ಅವರು ಹೇಗೆ ಕೂರುತ್ತಾರೋ ಹಾಗೇ ಕೂರುತ್ತಾಳೆ, ಗೋಡೆಗೆ ಒರಗುವವರ ಜಾಗದಲ್ಲಿ ಒರಗಿ, ತೂಕಡಿಸುವವರ ಜಾಗದಲ್ಲಿ ತಲೆ ಬಗ್ಗಿಸಿ. ಕೂತು ಅವರಿಗಾಗಿ ಗಟ್ಟಿಯಾಗಿ ಪ್ರಾರ್ಥಿಸುತ್ತಾಳೆ. ಮನಸ್ಸಿನಲ್ಲೇ ಮಾಡಿದರೆ ನಿದ್ದೆ ಬರುತ್ತದಂತೆ. ಹೆಸರು ಮಾತ್ರ ಎತ್ತುವುದಿಲ್ಲ. ಕಾವಲುಗಾರ ಚಿನ್ನಪ್ಪನ ಕಿವಿ ಚುರುಕು ಎಂದು ಅವಳಿಗೆ ಗೊತ್ತು. ‘ಇಲ್ಲಿ ಕೂರೋ ನಿನ್ನ ಮಗಳು’, ‘ಇಲ್ಲಿ ಕೂರೋ ನಿನ್ನ ಮಗ’, ಅಷ್ಟೇ. ಎಪ್ಪತ್ತಕ್ಕೂ ಹೆಚ್ಚು ಜಾಗ, ಹತ್ತಿರ ಹತ್ತಿರ ಎರಡು ಗಂಟೆ. ಎಪ್ಪತ್ತು ಜನರ ನೋವನ್ನು ಒಂದು ಚೀಟಿಯೂ ಇಲ್ಲದೆ ತಲೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಸಾಧ್ಯ? ನನಗೆ ನನ್ನ ಹೆಂಡತಿಯ ಹುಟ್ಟುಹಬ್ಬವೇ ನೆನಪಿರುವುದಿಲ್ಲ!

ಒಮ್ಮೆ ಕಂಬದ ಹಿಂದಿನ ಜಾಗದಲ್ಲಿ ಕೂತವಳು ಮರುಗಿದಳು: “ಪಾಪ, ಇಲ್ಲಿ ಕೂತ್ರೆ ಅಯ್ಯನೋರ ಮುಖವೇ ಕಾಣಲ್ಲ ಕಣೋ.” ಆ ಜಾಗದವರು ಅದಕ್ಕೇ ಅಲ್ಲಿ ಕೂರುತ್ತಾರೆ ಎಂದು ನಾನು ಹೇಳಲಿಲ್ಲ.

ಅವಳನ್ನು ಸ್ಕೂಟರ್‌ನಲ್ಲಿ ಕರೆದೊಯ್ಯುವವನು ನಾನು. ಅವಳು ಒಳಗಿದ್ದಷ್ಟು ಹೊತ್ತೂ ಕೊನೆಯ ಬೆಂಚಿನಲ್ಲಿ ಮೊಬೈಲ್ ನೋಡುತ್ತಾ ಇರುತ್ತಿದ್ದೆ. ಮೂರನೇ ಬೆಂಚಿಗೆ ಅವಳು ಬಂದಾಗ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದೆ. ಅಲ್ಲಿ ಕಿಟಕಿಯ ಪಕ್ಕದ್ದು ಪ್ರಭಾಕರನ ಜಾಗ, ಅದರ ಪಕ್ಕದ್ದು ಮೊದಲು ನನ್ನ ಜಾಗ. ಭಾನುವಾರದ ಶಾಲೆಯ ಕಾಲದಿಂದ ನಾವಿಬ್ಬರೂ ಒಂದೇ ಕೀರ್ತನೆ ಪುಸ್ತಕ ಹಿಡಿದು ಬೆಳೆದವರು. ಅವನನ್ನು ನಮ್ಮಪ್ಪ ತನ್ನ ಇನ್ನೊಬ್ಬ ಮಗ ಎಂದೇ ಹೇಳುತ್ತಿದ್ದ. ಅಂಥವನು ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಮಣ್ಣಿಗೆ ಬರಲಿಲ್ಲ. ಊರಲ್ಲೇ ಇದ್ದ, ಬರಲಿಲ್ಲ. ಯಾಕೆ ಎಂದು ಒಂದು ಫೋನೂ ಮಾಡಲಿಲ್ಲ. ಅಂದಿನಿಂದ ನಾನು ಅವನ ಜೊತೆ ಮಾತು ಬಿಟ್ಟೆ, ಆ ಬೆಂಚನ್ನೂ ಬಿಟ್ಟೆ. ಸತ್ತವನು ಅತ್ತೆಯ ಒಡಹುಟ್ಟಿದ ತಮ್ಮ. ಆದರೂ ಅವಳು ಪ್ರಭಾಕರನ ಜಾಗದಲ್ಲಿ ಬೇರೆಯವರಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದಳು. ಅದು ನನಗೆ ಉರಿಯುತ್ತಿತ್ತು.

ಉರಿಯನ್ನು ಅತ್ತ ಇಟ್ಟು ಮಳೆಯ ಪ್ರಸಂಗ ಹೇಳುತ್ತೇನೆ. ಒಂದೇ ವಾರ, ಒಂದೇ ಬೆಂಚಿನ ಇಬ್ಬರು ಅತ್ತೆಯನ್ನು ಹಿಡಿದರು. ಗುಬ್ಬಿಯಾಚೆಯ ಹಾಗಲವಾಡಿಯಿಂದ ಬರುವವರು ರಾಗಿ ಬಿತ್ತಿ ಆಕಾಶ ನೋಡುತ್ತಿದ್ದರು, ಅವರಿಗೆ ಮಳೆ ಬೇಕು. ಪಕ್ಕದಲ್ಲಿ ಕೂರುವವರದು ಸೋಮವಾರ ಶೆಟ್ಟಿಹಳ್ಳಿಯ ಬಯಲಲ್ಲಿ ಶಾಮಿಯಾನ ಹಾಕಿ ಮಗಳ ಮದುವೆ, ಅವರಿಗೆ ಮಳೆ ಬೇಡ. ಯಾರ ಪರ ವಹಿಸುತ್ತಾಳೋ ನೋಡೋಣ ಎಂದು ನಾನು ಅಂದು ಮೊಬೈಲ್ ಜೇಬಿಗಿಟ್ಟು ಕಿವಿಗೊಟ್ಟೆ. ಅತ್ತೆ ದೇವರಿಗೆ ದಾರಿ ಹೇಳಿಕೊಡುತ್ತಿದ್ದಳು!

“ಕರ್ತನೇ, ಹಾಗಲವಾಡಿ ಕಡೆ ಚೆನ್ನಾಗಿ ಸುರೀಲಿ. ಗುಬ್ಬಿವರ್ಗೂ ಬಂದ್ರೂ ಪರ್ವಾಗಿಲ್ಲ. ಅಲ್ಲಿಂದ ಈಚೆಗೆ ಸೋಮವಾರ ಒಂದಿನ ಬೇಡಪ್ಪ.”

ಸೋಮವಾರ ಹಾಗಲವಾಡಿಯಲ್ಲಿ ಹೊಲದ ಬದು ಒಡೆಯುವಷ್ಟು ಮಳೆ. ಶೆಟ್ಟಿಹಳ್ಳಿಯಲ್ಲಿ ಎರಡನೇ ಪಂಕ್ತಿಗೆ ಎಲೆ ಹಾಕುವಾಗ ನಾಲ್ಕು ಹನಿ ಬಿತ್ತು. ನಾನು ಅತ್ತೆಯ ಕಡೆ ತಿರುಗಿ ಹುಬ್ಬು ಹಾರಿಸಿದೆ.

“ಅದು ಮಳೆ ಅಲ್ಲ ಕಣೋ,” ಅಂದಳು. “ಮದುವೆ ನೋಡ್ಕೊಂಡು ಹೋಗೋಕೆ ಬಂದಿತ್ತು.”

ಇಂಥವಳೂ ಎಡವಿದಳು. ಚರ್ಚಿಗೆ ಸುಣ್ಣಬಣ್ಣ ಮಾಡಿಸಿದಾಗ ಬೆಂಚುಗಳನ್ನೆಲ್ಲ ಹೊರಗೆ ತೆಗೆದು, ಮತ್ತೆ ಒಳಗಿಡುವಾಗ ಹಿಂದುಮುಂದು ಮಾಡಿಟ್ಟರು. ಜನ ಎಂದಿನಂತೆ ತಮ್ಮ ತಮ್ಮ ಫ್ಯಾನು, ಕಿಟಕಿ ನೋಡಿಕೊಂಡು ಕೂತರು. ಅತ್ತೆಯದು ಬೇರೆ ಲೆಕ್ಕ. ಅವಳು ಗುರುತಿಟ್ಟುಕೊಂಡಿದ್ದುದು ಬೆಂಚನ್ನು: ಇಂಕಿನ ಕಲೆ ಇರುವಲ್ಲಿ ತುಂಬು ಗರ್ಭಿಣಿ ಸುನೀತಾ, ಮೊಳೆ ಎದ್ದಿರುವಲ್ಲಿ ಸಕ್ಕರೆ ಕಾಯಿಲೆಯ ಜಯಶೀಲ ಮೇಷ್ಟ್ರು. ಒಂದು ಭಾನುವಾರ ಸುನೀತಾ ಮೊಳೆಯ ಬೆಂಚಿನಿಂದ ಏಳುವುದನ್ನು ಕಂಡಾಗಲೇ ಅತ್ತೆಗೆ ಅದು ಗೊತ್ತಾಗಿದ್ದು. ಹೆಸರೆತ್ತದ ತಪ್ಪಿಗೆ ಒಂದು ತಿಂಗಳಿನಿಂದ ಅವಳು ಇಡೀ ಸಭೆಯ ಪ್ರಾರ್ಥನೆಯನ್ನು ತಪ್ಪು ವಿಳಾಸಕ್ಕೆ ಹಾಕಿದ್ದಳು!

ಬೇರೆಯವರಾಗಿದ್ದರೆ ಗುಟ್ಟಾಗಿ ಸರಿಮಾಡಿಕೊಂಡು ಸುಮ್ಮನಿರುತ್ತಿದ್ದರು. ಇವಳು ಅಂದೇ ಒಬ್ಬೊಬ್ಬರ ಮುಂದೆಯೂ ನಿಂತು ತಪ್ಪಾಯಿತೆಂದು ಕ್ಷಮೆ ಕೇಳಿದಳು. “ಮೇಷ್ಟ್ರೇ, ಒಂದು ತಿಂಗ್ಳಿಂದ ನಿಮಗೆ ಸುಖಪ್ರಸವ ಆಗ್ಲಿ ಅಂತ ಕೇಳ್ಕೊಂಡ್ಬಿಟ್ಟಿದೀನಿ.”

ಮೇಷ್ಟ್ರು ಯೋಚಿಸಿ ಹೇಳಿದರು: “ಅದಕ್ಕೇ ಮೇಡಂ, ಯಾಕೋ ಮಾವಿನಕಾಯಿ ಮೇಲೆ ಆಸೆ ಆಗ್ತಿತ್ತು.”

ಸುನೀತಾ ಅವಳ ಕೈ ಹಿಡಿದುಕೊಂಡಳು. “ಶುಗರ್ ಜಾಸ್ತಿ ಇದೆ ಅಂತ ಡಾಕ್ಟ್ರು ಹೆದರಿಸಿದ್ರು ಮೇಡಂ. ಈ ಸಲ ನಾರ್ಮಲ್ ಬಂದಿದೆ.”

ಎಲ್ಲರೂ ನಕ್ಕರು. ನನಗೆ ಮಾತ್ರ ನಗುವಿಗಿಂತ ಬೆರಗೇ ಹೆಚ್ಚಾಯಿತು. ಮನೆಮನೆಗೆ ಹಾಲು ಹಾಕುವವರು ತಪ್ಪು ಮನೆಗೆ ಹಾಕಿದ್ದಕ್ಕೆ ನೊಂದುಕೊಳ್ಳುವಂತೆ ಅವಳು ನೊಂದುಕೊಂಡಿದ್ದಳು. ತನ್ನ ಮಾತು ನಿಜವಾಗಿಯೂ ಎಲ್ಲಿಗೋ ತಲುಪುತ್ತದೆ ಎಂದು ಖಾತ್ರಿ ಇರುವವರಿಗೆ ಮಾತ್ರ ಹಾಗಾಗುತ್ತದೆ. ನನಗೆ ಆ ಖಾತ್ರಿ ಎಂದೂ ಇರಲಿಲ್ಲ.

ಈ ವರ್ಷ ಆ ಗಂಟಲೇ ಕೈಕೊಟ್ಟಿತು. ಧ್ವನಿಪೆಟ್ಟಿಗೆಯಲ್ಲಿ ಗಂಟು ಇದೆ ಎಂದು ಆಪರೇಷನ್ ಮಾಡಿದರು. ಒಂದು ತಿಂಗಳು ಒಂದೇ ಒಂದು ಪದ ಆಡಬಾರದು, ಪಿಸುಗುಡಲೂ ಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಮನೆ ಎಷ್ಟು ಸದ್ದಿಲ್ಲದಂತಾಯಿತು ಎಂದರೆ, ಪಕ್ಕದ ಮನೆಯವರು ಬಂದು ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳಿದರು. ಶನಿವಾರ ಬಂತು. ಅತ್ತೆ ಕೈಚೀಲಕ್ಕೆ ಒಂದು ಸ್ಲೇಟು, ಬಳಪ, ಒದ್ದೆ ಬಟ್ಟೆ ಹಾಕಿಕೊಂಡು ಸ್ಕೂಟರ್ ಪಕ್ಕದಲ್ಲಿ ನಿಂತಿದ್ದಳು. ಅವಳು ಕೂತು ಬರೆಯಬೇಕು, ನಾನು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಬೇಕು. ‘ಇಲ್ಲಿ ಕೂರೋ ನಿನ್ನ ಮಗಳು. ಎಡ ಮಂಡಿ. ಇಳಿಯುವಾಗ.’ ಓದಿದ ಕೂಡಲೇ ಅಳಿಸಿಬಿಡುತ್ತಿದ್ದಳು. ಗುಟ್ಟು ಗುಟ್ಟಾಗಿಯೇ ಇರಬೇಕಲ್ಲ! ನಾನು ಗಡಿಬಿಡಿಯಲ್ಲಿ ಓದಿದರೆ ಬಳಪದಿಂದ ಮೊಣಕೈಗೆ ಕುಟ್ಟುತ್ತಿದ್ದಳು.

ಮೂರನೇ ಬೆಂಚು ಬಂತು. ಅತ್ತೆ ಪ್ರಭಾಕರನ ಜಾಗದಲ್ಲಿ ಕೂತಳು. ಏನೂ ಬರೆಯದೆ ಸ್ಲೇಟನ್ನು ನನ್ನ ಕೈಗೇ ಕೊಟ್ಟಳು.

“ಏನು ಹೇಳ್ಲಿ? ನಂಗೇನು ಗೊತ್ತು ಅವ್ನ ವಿಷ್ಯ?”

ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಐದು ನಿಮಿಷ ಆಯಿತು, ಹದಿನೈದು ಆಯಿತು. ಸದ್ದು ನಿಂತಿದ್ದಕ್ಕೆ ಮುಗಿಯಿತೆಂದುಕೊಂಡು ಚಿನ್ನಪ್ಪ ಬೀಗ ಹಿಡಿದುಕೊಂಡು ಬಾಗಿಲಿಗೆ ಬಂದ. ಅತ್ತೆ ಅವನಿಗೆ ‘ತಡಿ’ ಎಂದು ಕೈಸನ್ನೆ ಮಾಡಿದಳು. ಏಳುವ ಲಕ್ಷಣವೇ ಇಲ್ಲ.

“ಅಪ್ಪನ ಮಣ್ಣಿಗೆ ಬರ್ಲಿಲ್ಲ ಅವ್ನು,” ಅಂದೆ. ನನ್ನ ದನಿ ಏರಿತ್ತು. “ಸತ್ತಿದ್ದು ನಿನ್ನ ತಮ್ಮ ಅಲ್ವಾ ಅತ್ತೆ?”

ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. ಸ್ಲೇಟು ಕಿತ್ತುಕೊಂಡು ಬರೆದಳು: ‘ಅವನನ್ನೇ ಕೇಳು.’

ಹಟಕ್ಕೆ ಬಿದ್ದು ನಾನು ಹೊರಗೆ ಹೋಗಿ ಫೋನ್ ಮಾಡಿದೆ. ಅವನು ಹೇಳಿದ್ದನ್ನು ಇಲ್ಲಿ ಬರೆಯಲು ಅವನೂ ಅವನ ಹೆಂಡತಿಯೂ ಒಪ್ಪಿದ್ದಾರೆ.

“ಅತ್ತೆ ನಿನ್ನ ಜಾಗದಲ್ಲಿ ಕೂತವ್ಳೆ, ಏಳ್ತಿಲ್ಲ,” ಅಂದೆ. “ನಿನಗೋಸ್ಕರ ಏನು ಕೇಳ್ಕೋಬೇಕು ಹೇಳು.”

ಅವನು ಟಿ.ವಿ. ಆರಿಸಿದ್ದು ಕೇಳಿಸಿತು. ಆಮೇಲೆ ಕೇಳಿದ: “ಅವ್ರು ನಿಂಗೆ ಹೇಳೇ ಇಲ್ವಾ?”

“ಏನನ್ನ?”

“ಅವತ್ತು ಬೆಳಿಗ್ಗೆ ನಮ್ಮ ಮಗು ಹೊಟ್ಟೇಲೇ ಹೋಗಿತ್ತು ಕಣೋ. ಐದು ತಿಂಗ್ಳು, ಇನ್ನೂ ಯಾರಿಗೂ ಹೇಳಿರ್ಲಿಲ್ಲ. ಸಾವಿನ ಮನೆಗೆ ಫೋನ್ ಮಾಡಿ ಇನ್ನೊಂದು ಸಾವು ಹೇಗೆ ಹೇಳ್ಲಿ? ಯಾರಿಗೂ ಹೇಳ್ಬೇಡಿ ಅಂತ ಇವ್ಳು ಕೈ ಮುಗಿದಿದ್ಲು. ಮಣ್ಣು ಮುಗಿಸಿ ನೀವೆಲ್ಲ ಹೋದ್ಮೇಲೆ ನಾನು ಮಗೂನ ತಗೊಂಡು ಅಲ್ಲಿಗೇ ಬಂದೆ. ಅತ್ತೆ ಒಬ್ರೇ ಅಲ್ಲೇ ನಿಂತಿದ್ರು. ನೋಡ್ತಿದ್ದಂಗೆ ಗೊತ್ತಾಗೋಯ್ತು ಅವ್ರಿಗೆ. ನನ್ನ ಕೈಯಿಂದ ಮಗೂನ ಅವ್ರೇ ಎತ್ಕೊಂಡ್ರು, ಯಾರಿಗೂ ಹೇಳಲ್ಲ ಅಂತ ಮಾತೂ ಕೊಟ್ರು.” ಮುಂದುವರಿಸಿ ಹೇಳಿದ: “ಆಮೇಲೆ ಹೇಳೋಣ ಅನ್ನೋ ಅಷ್ಟರಲ್ಲಿ ನೀನು ಮಾತೇ ಬಿಟ್ಟಿದ್ದೆ.”

ಅಪ್ಪನ ಮಣ್ಣಿನ ದಿನ ಅತ್ತೆ ಸಂಜೆ ಮಾಡಿಕೊಂಡು ಮನೆಗೆ ಬಂದಿದ್ದಳು. ಮೊಣಕೈವರೆಗೂ ಮಣ್ಣಾಗಿತ್ತು. ತಮ್ಮನ ಗುಂಡಿಯ ಹತ್ತಿರ ಅಳುತ್ತಾ ಕೂತಿದ್ದಳೆಂದು ನಾವೆಲ್ಲ ತಿಳಿದಿದ್ದೆವು. ಮೂರು ವರ್ಷ ನಾನು ಅವನನ್ನು ಬಾಯಿಗೆ ಬಂದಂತೆ ಬಯ್ದಾಗಲೂ ಅವಳು ಕೊಟ್ಟ ಮಾತು ಮುರಿಯಲಿಲ್ಲ.

“ಏನು ಕೇಳ್ಕೊಳ್ಲಿ?” ಎಂದು ಮತ್ತೆ ಕೇಳಿದೆ. ಈ ಸಲ ನಿಜವಾಗಿ ಕೇಳಿದೆ.

“ಇವ್ಳಿಗೆ ನಿದ್ದೆ ಬರಲ್ಲ ಕಣೋ. ಸ್ವಲ್ಪ ನಿದ್ದೆ ಬರ್ಲಿ ಅಂತ ಕೇಳ್ಕೊ, ಸಾಕು.”

ಒಳಗೆ ಬಂದು ಅವನ ಪಕ್ಕದ ಜಾಗದಲ್ಲಿ ಕೂತು ಅಷ್ಟನ್ನೇ ಕೇಳಿಕೊಂಡೆ. ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ಅತ್ತೆ ಬಳಪದಿಂದ ಕುಟ್ಟಲಿಲ್ಲ. ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗಿ ಇಬ್ಬರನ್ನೂ ಕಂಡು ಬರಬೇಕು ಎಂದುಕೊಂಡೆ. ಆಮೇಲೆ ಉಳಿದ ಜಾಗಗಳನ್ನೆಲ್ಲ ಮುಗಿಸಿದೆವು. ಕಡೆಗೆ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಒಂದೇ ಒಂದು ಜಾಗ ಉಳಿಯಿತು. ಅದು ಅತ್ತೆಯದೇ. ಅವಳು ಅದನ್ನು ದಾಟಿಕೊಂಡು ಚಪ್ಪಲಿಯ ಕಡೆ ನಡೆದಳು. ನಾನು ಹೋಗಿ ಅಲ್ಲಿ ಕೂತೆ.

“ನಿಂಗೇನು ಬೇಕು ಅತ್ತೆ?”

ಅವಳು ಬೇಡ ಎಂದು ಕೈಯಾಡಿಸಿದಳು. ನಾನು ಏಳಲಿಲ್ಲ. ಅವಳು ಬಂದು ಪಕ್ಕದಲ್ಲಿ ಕೂತು, ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಸಣ್ಣ ಅಕ್ಷರಗಳಲ್ಲಿ ಬರೆದಳು.

‘ತಮ್ಮನಿಗೋಸ್ಕರ ನಾನು ಇನ್ನೂ ಅತ್ತಿಲ್ಲ.’

ನಾನು ಅದನ್ನು ಗಟ್ಟಿಯಾಗಿ ಓದಿದೆ. ಅತ್ತೆ ನನ್ನ ಹೆಗಲ ಮೇಲೆ ತಲೆಯಿಟ್ಟು, ಡಾಕ್ಟರು ಹೇಳಿದಂತೆಯೇ ಒಂದಿಷ್ಟೂ ದನಿ ಹೊರಡಿಸದೆ, ಅತ್ತಳು.