ಬಿದ್ದ ಹಣ್ಣೇ ಬೇಕೆನ್ನುವವಳು

ನಮ್ಮ ಮನೆಯಲ್ಲಿರುವ ಹುಡುಗಿ ದಿನಾ ಬೆಳಿಗ್ಗೆ ಕಾಲೇಜಿಗೆ ಹೋಗುತ್ತಾಳೆ ಎಂದು ನೀವು ನಂಬಿದ್ದರೆ ನಿಮ್ಮಷ್ಟು ಸಾಧುಗಳು ಬೇರೆ ಇಲ್ಲ! ಅವಳು ಹೋಗುವುದು ಮಾವಿನ ಮರದ ಬುಡಕ್ಕೆ. ದಾರಿಯಲ್ಲಿ ಕಾಲೇಜು ಅಡ್ಡ ಸಿಕ್ಕಿದರೆ ಒಳಗೆ ಹೋಗಿ ಹಾಜರಿ ಹಾಕಿ ಬರುತ್ತಾಳೆ, ಅಷ್ಟೇ. ನನ್ನ ತಂಗಿಯ ಮಗಳು. ಕುಂಬ್ಡಾಜೆಯ ಗುಡ್ಡದ ಮನೆಯಿಂದ ಕಾಲೇಜು ದೂರವಾಗುತ್ತದೆಂದು ಉಪ್ಪಳದ ನಮ್ಮ ಮನೆಯಲ್ಲಿ ಇದ್ದಾಳೆ. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ "ನನ್ನನ್ನು ವೈರಲ್ ಮಾಡಿದ್ರಾ ದೊಡ್ಡಮ್ಮಾ?" ಎಂದು ಜಗಳಕ್ಕೆ ಬರುತ್ತಾಳೆ.

ಶಿವರಾತ್ರಿ ಕಳೆದು ಬಿಸಿಲು ಚುರುಕಾದದ್ದೇ ತಡ, ಇವಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ವಸಂತ ಬಂತೆಂದು ಕೋಗಿಲೆ ಸಾರುವ ಮೊದಲೇ ಇವಳು ಸಾರಿ ಮುಗಿಸಿರುತ್ತಾಳೆ. ಜಡೆಯಲ್ಲಿ ಸುರಗಿ ಹೂವು, ಚೂಡಿದಾರದ ತುಂಬ ಗೇರುಹಣ್ಣಿನ ಕಲೆ, ಬ್ಯಾಗಿನಲ್ಲಿ ಪುಸ್ತಕ ಇರಬೇಕಾದಲ್ಲಿ ಉಪ್ಪು ಮತ್ತು ಮೆಣಸಿನ ಹುಡಿಯ ಪೊಟ್ಟಣ! ಗೇರುಹಣ್ಣಿನ ಕಲೆಯನ್ನು ತೆಗೆಯುವ ಸೋಪು ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಬಟ್ಟೆ ಒಗೆಯುವ ನನಗೆ ಗೊತ್ತು. ಅವಳ ಗೆಳತಿಯರ ಫೋನು ತೆರೆದರೆ ಅವರವರದೇ ಮುಖ. ಇವಳದನ್ನು ತೆರೆದರೆ ಬರೀ ಮಾವಿನ ಹಣ್ಣು. ಎದುರಿನಿಂದ ಒಂದು ಫೋಟೋ, ಪಕ್ಕದಿಂದ ಒಂದು, ಚೀಪಿ ಮುಗಿದ ಮೇಲೆ ಗೊರಟಿನದೂ ಒಂದು. ಈ ವಯಸ್ಸಿನ ಹುಡುಗಿಯ ಫೋನನ್ನು ಕದ್ದು ನೋಡಿದ ದೊಡ್ಡಮ್ಮನಿಗೆ ಇದಕ್ಕಿಂತ ನಿರಾಸೆ ಬೇರೆ ಉಂಟೇ?

ಅವಳ ಹುಚ್ಚೆಲ್ಲ ಕಾಟು ಮಾವಿನ ಮೇಲೆ. ಯಾರೂ ನೆಡದೆ, ಯಾರೂ ನೀರೆರೆಯದೆ, ರಸ್ತೆಬದಿಯಲ್ಲೋ ಗುಡ್ಡದಲ್ಲೋ ತಾನಾಗಿ ಬೆಳೆದ ಮರದ ಸಣ್ಣ ಹಣ್ಣು ಅದು. ತೊಟ್ಟಿನ ತುದಿ ಕಚ್ಚಿ ಉಗುಳಿ, ಸೊನೆ ಹಿಂಡಿ ಚೆಲ್ಲಿ, ಹಾಗೇ ಚೀಪಬೇಕು. "ಕಸಿ ಮಾವು ಎಲ್ಲಿ ತಿಂದ್ರೂ ಒಂದೇ ರುಚಿ ದೊಡ್ಡಮ್ಮಾ. ಕಾಟು ಮಾವಿಗೆ ಮರಕ್ಕೊಂದು ರುಚಿ ಉಂಟು, ಗೊತ್ತುಂಟಾ?" ಎನ್ನುತ್ತಾಳೆ, ತಾನೇ ಅದನ್ನು ಕಂಡುಹಿಡಿದವಳ ಹಾಗೆ. ಹಾಗೆಂದು ಮರ ಹತ್ತುವವಳಲ್ಲ, ಕಲ್ಲೆಸೆಯುವವಳೂ ಅಲ್ಲ. ನಮ್ಮ ಕಡೆ ಒಂದು ಕ್ರಮ ಇದೆ. ಕಾಟು ಮರ ಯಾರ ಹಿತ್ತಲಿನದೇ ಇರಲಿ, ದಾರಿಗೆ ಬಿದ್ದ ಹಣ್ಣು ಹೆಕ್ಕಿದವರದು. ಕೊಯ್ಯಬೇಕಾದರೆ ಕೇಳಬೇಕು, ಹೆಕ್ಕುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಈ ಕ್ರಮವನ್ನು ಇವಳು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾಳೆಂದರೆ, ಅಷ್ಟೇ ನಿಷ್ಠೆ ಪಾಠದಲ್ಲೂ ಇದ್ದಿದ್ದರೆ ಪ್ರಿನ್ಸಿಪಾಲರೇ ಎದ್ದು ನಿಂತು ಕೈಮುಗಿಯುತ್ತಿದ್ದರು! "ಕೊಯ್ದದ್ದು ನಾವು ಕಿತ್ತುಕೊಂಡದ್ದು. ಬಿದ್ದದ್ದು ಮರ ಕೊಟ್ಟದ್ದು" ಎಂಬುದು ಅವಳ ವೇದಾಂತ.

ಈ ವರ್ಷ ಅವಳ ಹುಚ್ಚಿಗೆ ಒಂದು ಕಾರಣವೂ ಸೇರಿಕೊಂಡಿತು. ಅದನ್ನು ಹೇಳಬೇಕಾದರೆ ನಮ್ಮ ಯಜಮಾನರ ಕಥೆ ಹೇಳಬೇಕು. ಅವರದು ಪೇಟೆಯಲ್ಲಿ ಒಂದು ಸಣ್ಣ ಹೋಟೆಲು. ಸಾಂಬಾರು ಅವರ ಕೈಯದೇ. ಅದಕ್ಕಾಗಿಯೇ ಬಸ್ಸು ತಪ್ಪಿಸಿಕೊಂಡು ಕೂತು ಇಡ್ಲಿ ತಿನ್ನುವವರಿದ್ದಾರೆ. ಕಳೆದ ದೀಪಾವಳಿಯ ಹೊತ್ತಿಗೆ ಇವರಿಗೊಂದು ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಪಾಯಸ ಕೊಟ್ಟರೂ ಗಂಜಿ ಕೊಟ್ಟರೂ ಒಂದೇ ಮುಖ! ಡಾಕ್ಟರು ಮಾತ್ರೆ ಬರೆಯಲಿಲ್ಲ. "ಬರುವಾಗ ತಾನಾಗಿ ಬರ್ತದೆ. ಬೇರೆ ಬೇರೆ ರುಚಿ ತೋರಿಸ್ತಾ ಇರಿ" ಎಂದು ಕಳಿಸಿದರು.

ಸಾಂಬಾರು ಮಾಡುವವನಿಗೆ ರುಚಿ ತಿಳಿಯುವುದಿಲ್ಲ ಎಂದು ಊರಿಗೆ ಗೊತ್ತಾದರೆ ಮಾನ ಉಳಿಯುತ್ತದೆಯೇ? ಹಾಗಾಗಿ ನಾಲಿಗೆಯ ಕೆಲಸ ನನಗೆ ಬಂತು. ಬೆಳಿಗ್ಗೆ ಅಡುಗೆಕೋಣೆಯ ಹಿಂಬಾಗಿಲಲ್ಲಿ ನಾನು ನಿಲ್ಲಬೇಕು, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಬೇಕು. ಗಿರಾಕಿಗಳಿಗೆ ಕೇಳಬಾರದಲ್ಲ, ಅದಕ್ಕೆ ನಮ್ಮಲ್ಲೊಂದು ಗುಟ್ಟಿನ ಭಾಷೆ. ಬಾಗಿಲ ಮೇಲೆ ಬಡಿದರೆ ಎಲ್ಲ ಸರಿ ಇದೆ, ಕೆಮ್ಮಿದರೆ ಉಪ್ಪು ಸಾಲದು. ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಮನುಷ್ಯರಿಗೆ ಶೀತ ಆಗುವುದಿಲ್ಲವೇ? ಒಂದು ದಿನ ನನಗೆ ನಿಜವಾದ ಕೆಮ್ಮು ಹತ್ತಿಕೊಂಡಿತು. ಕೆಮ್ಮಿದೆ, ಇವರು ಉಪ್ಪು ಹಾಕಿದರು. ಕೈಯಲ್ಲಾಡಿಸಿ ಬೇಡ ಎನ್ನಲು ಹೋದೆ, ಮತ್ತೆ ಕೆಮ್ಮು ಬಂತು, ಮತ್ತೆ ಉಪ್ಪು ಬಿತ್ತು! ಅಂದು ನಮ್ಮ ಹೋಟೆಲಿನಲ್ಲಿ ಚಹಾಕ್ಕಿಂತ ನೀರು ಹೆಚ್ಚು ಖರ್ಚಾಯಿತು.

"ಅಣ್ಣಾ, ಸಮುದ್ರ ಇಲ್ಲೇ ಹತ್ತಿರ ಉಂಟಲ್ಲ, ಸಾಂಬಾರಿಗೆ ನೀರು ಅಲ್ಲಿಂದ್ಲೇ ತರಿಸುದಾ?" ಎಂದು ಒಬ್ಬ ಗಿರಾಕಿ ಕೈತೊಳೆಯುತ್ತ ಕೇಳಿದ.

ಮನೆಗೆ ಬಂದು ಹೇಳಿದಾಗ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು. ಇವರು ಮಾತ್ರ ನಗಲಿಲ್ಲ. "ಮಳೆಗಾಲ ಹಿಡಿಯುವ ಮೊದಲು ಹೋಟೆಲಿಗೆ ಬೀಗ ಹಾಕುವಾ. ಮೋಸ ಮಾಡಿ ಬಡಿಸಲಿಕ್ಕೆ ನನ್ನಿಂದ ಆಗುದಿಲ್ಲ" ಎಂದರು. ಇವರು ಹಟ ಹಿಡಿದರೆ ಹಿಡಿದದ್ದೇ. ಹುಡುಗಿ ನಗು ನಿಲ್ಲಿಸಿ ಇವರ ಮುಖವನ್ನೇ ನೋಡಿದಳು. ಆಮೇಲೆ ಚಪ್ಪಾಳೆ ತಟ್ಟಿ, "ಅಷ್ಟೇ ಅಲ್ವಾ ದೊಡ್ಡಪ್ಪ? ಇಡೀ ಸೀಸನ್ ಉಂಟಲ್ಲ! ಲೋಕದಲ್ಲೇ ಸಿಹಿಯಾದ ಕಾಟು ಮಾವಿನ ಹಣ್ಣು ತಂದು ಕೊಡ್ತೇನೆ, ನಿಮ್ಮ ನಾಲಿಗೆ ಎದ್ದು ಕೂರ್ತದೆ ನೋಡಿ" ಎಂದು ಸಾರಿದಳು.

ಅಲ್ಲಿಂದ ಶುರುವಾಯಿತು ನೋಡಿ ಇವಳ ದಿಗ್ವಿಜಯ! ಬಸ್ಸಿನಲ್ಲಿ ಕಿಟಕಿ ಬದಿಯೇ ಆಗಬೇಕು, ಗಾಳಿ ಯಾವ ಕಡೆಗೆ ಬೀಸುತ್ತದೆಂದು ನೋಡಲಿಕ್ಕೆ. ಒಂದು ದಿನ ಕಾಲೇಜಿಗೆ ಮೊದಲಿನ ಸ್ಟಾಪಿನಲ್ಲೇ "ಇಳಿಲಿಕ್ಕುಂಟು, ಇಳಿಲಿಕ್ಕುಂಟು!" ಎಂದು ಕೂಗಿ ಇಳಿದಳಂತೆ. ಯಾಕೆಂದು ಕೇಳಿದರೆ, "ಹಣ್ಣು ಬಿದ್ದ ಶಬ್ದ ಕೇಳಿತು ದೊಡ್ಡಮ್ಮಾ!" ಆ ಬಸ್ಸಿನ ಹಾಡಿಗೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಇವಳಿಗೆ ಹಣ್ಣು ಬಿದ್ದದ್ದು ಕೇಳಿತಂತೆ! ಇಳಿದು ನೋಡಿದರೆ ಬಿದ್ದದ್ದು ಹಣ್ಣಲ್ಲ, ಒಬ್ಬರು ತೆಂಗಿನಕಾಯಿ ಸುಲಿದು ಎಸೆಯುತ್ತಿದ್ದರು. ಬರಿಗೈಯಲ್ಲಿ ಹೋಗುವುದು ಹೇಗೆಂದು ಅವರ ಮನೆಯ ಹಿಂದಿನ ಮಾವಿನ ಮರದ ಪರಿಚಯ ಮಾಡಿಕೊಂಡು ಬಂದಳು.

ಇನ್ನೊಂದು ಮರ ಒಬ್ಬ ಬ್ಯಾರಿ ಅಜ್ಜಿಯ ಹಿತ್ತಲಿನದು. ಗೆಲ್ಲು ಮಾತ್ರ ಗೋಡೆ ದಾಟಿ ರಸ್ತೆಗೆ ಚಾಚಿದೆ. ಇವಳು ಗೋಡೆಯ ಹೊರಗೆ ಮುಖ ಮೇಲೆ ಮಾಡಿ ನಿಂತದ್ದನ್ನು ಕಂಡು ಅಜ್ಜಿ ಹೊರಗೆ ಬಂದರು.

"ಎಂತ ಮಗಳೇ, ಯಾರನ್ನು ಕಾಯುದು?"

"ಗಾಳಿಯನ್ನು, ಉಮ್ಮಾ."

"ಬಿಸಿಲಿಗೆ ನಿಂತು ತಲೆ ತಿರುಗಿತಾ ನಿಂಗೆ? ಒಳಗೆ ಬಾ, ದೋಟಿಯಲ್ಲಿ ಕೊಯ್ದು ಕೊಡ್ತೇನೆ."

"ಕೊಯ್ದದ್ದು ಲೆಕ್ಕಕ್ಕಿಲ್ಲ. ಬಿದ್ದದ್ದೇ ಆಗ್ಬೇಕು."

ಅಜ್ಜಿ ಒಳಗೆ ಹೋಗಿ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ರಸ್ತೆಬದಿಯಲ್ಲಿ ಹಾಕಿ, ತಾನೂ ಕೂತರಂತೆ! ಹುಚ್ಚು ಹೀಗೂ ಹರಡುತ್ತದೆ. ಒಂದು ಹಣ್ಣೂ ಬೀಳಲಿಲ್ಲ. ಆದರೆ ಅಂದಿನಿಂದ ನನ್ನ ಫೋನಿಗೆ ನೆಮ್ಮದಿ ಇಲ್ಲ. "ಹುಡುಗಿ ಉಂಟಾ? ಇಲ್ಲಿ ಗಾಳಿ ಶುರುವಾಗಿದೆ!" ಎಂದು ಅಜ್ಜಿಯ ಕರೆ. ನೆಂಟರಿಷ್ಟರು ಕೂಡ ಇಷ್ಟು ಸಲ ಫೋನು ಮಾಡಿದ್ದಿಲ್ಲ.

ಪರೀಕ್ಷೆಯ ಕಥೆಯನ್ನಂತೂ ತಂಗಿಗೆ ಇನ್ನೂ ಹೇಳಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆಯೇ ಯಾವುದೋ ಹೊಸ ಮರದ ಹಣ್ಣು ಸಿಕ್ಕಿತು. ಅವಸರದಲ್ಲಿ ಸೊನೆ ಚೆಲ್ಲುವುದನ್ನು ಮರೆತು ಬಾಯಿಗಿಟ್ಟಳು. ಸೊನೆ ತಾಗಿದ ತುಟಿ ಉಬ್ಬಿ ಬನ್ಸಿನ ಹಾಗಾಯಿತು! ಪರೀಕ್ಷೆ ಮಾಡಲು ಹೊರಗಿನ ಕಾಲೇಜಿನಿಂದ ಬಂದವರು ಏನು ಕೇಳಿದರೂ ಇವಳ ಬಾಯಿಂದ "ಬುಬ್ ಬುಬ್" ಎಂಬ ಸ್ವರ. ಪಾಪ, ಅವರು ಹುಡುಗಿಗೆ ಮೊದಲಿನಿಂದಲೂ ಮಾತಿನ ತೊಂದರೆ ಇರಬೇಕೆಂದು ತಿಳಿದು, "ಪರವಾಗಿಲ್ಲ, ನಿಧಾನಕ್ಕೆ ಬರೆದು ತೋರಿಸಮ್ಮ" ಎಂದರಂತೆ. ಒಳ್ಳೆಯ ಅಂಕವೂ ಬಂತು. "ಬಾಯಿಬಿಟ್ಟಿದ್ರೆ ಫೇಲೇ ಆಗ್ತಿದ್ದೆ ದೊಡ್ಡಮ್ಮಾ. ಮಾವಿನ ಮರವೇ ಪಾಸು ಮಾಡಿಸಿತು!" ಎಂದು ಮನೆಯಿಡೀ ಕುಣಿದಳು.

ಇಷ್ಟೆಲ್ಲ ಆಗಿ ತಂದ ಹಣ್ಣುಗಳ ಗತಿ ಏನು? ದಿನಾ ಸಂಜೆ ಹೋಟೆಲಿಗೆ ಓಡಿ ಬರುವುದು, ಹಣ್ಣನ್ನು ಇವರ ಕೈಗಿಡುವುದು, ಇವರು ಚೀಪುವುದು. "ಜೇನು ದೊಡ್ಡಪ್ಪ, ಶುದ್ಧ ಜೇನು! ಗೊತ್ತಾಯ್ತಾ?" ಇವರು ಅವಳ ಮುಖ ನೋಡಿ "ಸ್ವಲ್ಪ... ಗೊತ್ತಾದ ಹಾಗೆ ಉಂಟು" ಎನ್ನುವರು. ಸುಳ್ಳು ಹೇಳಲು ಬಾರದ ಮನುಷ್ಯ. ಅವಳಿಗೂ ತಿಳಿಯುತ್ತಿತ್ತು. "ಹಾಗಾದ್ರೆ ನಾಳೆ ಇನ್ನೂ ಸಿಹಿಯದ್ದು!" ಎಂದು ಜಿಗಿಯುತ್ತ ಹೋಗುವಳು. ವಿಷು ಕಳೆಯಿತು. ಸುರಗಿ ಮುಗಿಯಿತು, ಗೇರುಹಣ್ಣು ಮುಗಿಯಿತು. ಹೋಟೆಲಿರುವ ಕಟ್ಟಡದ ಮಾಲೀಕರಿಗೆ ಇವರು ಕೋಣೆ ಬಿಡುವ ಮಾತನ್ನೂ ಹೇಳಿ ಬಂದರು. ಹುಡುಗಿಯ ಕುಣಿತ ಮಾತ್ರ ನಿಲ್ಲಲಿಲ್ಲ. ಇವಳಿಗೆ ಚಿಂತೆ ಎಂಬುದೇ ಇಲ್ಲವಲ್ಲ ಎಂದು ನನಗೆ ಸ್ವಲ್ಪ ಸಿಟ್ಟೂ ಬಂದಿತ್ತು.

ಮೇ ತಿಂಗಳ ಒಂದು ಸಂಜೆ ಪಡುವಣದಲ್ಲಿ ಮೋಡ ಕಪ್ಪಾಗಿ ಗಾಳಿ ಎದ್ದಿತು. ಇಂಥ ಗಾಳಿ ಈ ವರ್ಷ ಬೀಸಿಯೇ ಇರಲಿಲ್ಲ! ಹೋಟೆಲಿನ ಬೋರ್ಡು ಪಟಪಟ ಬಡಿಯಿತು, ಗಿರಾಕಿಗಳು ತಟ್ಟೆ ಹಿಡಿದುಕೊಂಡು ಒಳಗೆ ಸರಿದರು. ಅಷ್ಟರಲ್ಲಿ ಹುಡುಗಿ ತೊಯ್ದುಕೊಂಡು ಓಡಿ ಬಂದಳು, ಶಾಲಿನ ತುಂಬ ಹಣ್ಣು! "ಉಮ್ಮನ ಮರದ್ದು! ಒಂದೇ ಗಾಳಿಗೆ ಎಲ್ಲ ಬಿತ್ತು! ದೊಡ್ಡಪ್ಪ, ಪರಿಮಳ ನೋಡಿ!" ಎಂದು ಕೂಗುತ್ತ ಕ್ಯಾಶಿನ ಮೇಜಿನ ಮೇಲೆ ಸುರಿದಳು. ಮೊದಲು ತಾನು ರುಚಿ ನೋಡಿ ಆಮೇಲೆ ಕೊಡುವುದು ಅವಳ ಪದ್ಧತಿ. ಅಂದು ಅದಕ್ಕೂ ತಾಳ್ಮೆ ಇರಲಿಲ್ಲ. ಇವರು ಎಂದಿನ ಹಾಗೆ, ಅವಳ ಮನಸ್ಸಿಗೆ ಬೇಸರ ಆಗಬಾರದೆಂದು, ಒಂದನ್ನು ತೆಗೆದು ಸೊನೆ ಹಿಂಡಿ ಬಾಯಿಗಿಟ್ಟರು.

ಕಣ್ಣು ಮುಚ್ಚಿಹೋಯಿತು. ಹೆಗಲು ಕಿವಿಯವರೆಗೆ ಏರಿತು. ತಲೆ ಒಮ್ಮೆ ಗಡಗಡ ನಡುಗಿತು.

"ಥೂ! ಎಂತ ಹುಳಿ ಮಾರಾಯ್ತಿ ಇದು! ಹಲ್ಲೆಲ್ಲ ಜುಮ್ಮೆಂದಿತು! ಮನುಷ್ಯರು ತಿನ್ನುವುದಾ ಇದನ್ನು?"

ಗಿರಾಕಿಗಳಿಗೆ, ಒಂದು ಹುಳಿ ಹಣ್ಣಿಗೆ ಇಷ್ಟು ರಂಪ ಯಾಕೆಂದು ಅರ್ಥವೇ ಆಗಲಿಲ್ಲ. ನನ್ನ ಕೈಯ ಸೌಟು ಕೈಯಲ್ಲೇ ಉಳಿಯಿತು. ಸಿಹಿ, ಸಿಹಿ ಎಂದು ನಾವು ಮೂರು ತಿಂಗಳು ಊರಿಡೀ ಹುಡುಕಿದೆವಲ್ಲ! ಆ ಅಜ್ಜಿ ತನ್ನ ಮರದ ಹಣ್ಣನ್ನು ಮೀನು ಸಾರಿಗಲ್ಲದೆ ಬೇರೆ ಯಾವುದಕ್ಕೂ ಮುಟ್ಟುವುದಿಲ್ಲವಂತೆ. ಅದನ್ನು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ!

"ಎಂತ ಹೇಳಿದ್ರಿ ದೊಡ್ಡಪ್ಪ? ಇನ್ನೊಮ್ಮೆ ಹೇಳಿ" ಎಂದಳು ಹುಡುಗಿ. ಸ್ವರ ಸಣ್ಣದಾಗಿತ್ತು.

"ಹುಳಿ!" ಎಂದರು ಇವರು. ಆಗ ಅವರಿಗೇ ಗೊತ್ತಾಯಿತು. ಬಾಯಲ್ಲಿಟ್ಟ ಬೆರಳು ಹಾಗೇ ನಿಂತಿತು. ಮತ್ತೆ ಯಾರನ್ನೂ ನೋಡದೆ ಸೀದಾ ಒಳಗೆ ಹೋಗಿ, ಸಾಂಬಾರಿನ ಪಾತ್ರೆಯ ಮುಚ್ಚಳ ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದರು. "ಇದಾ ಸಾಂಬಾರು? ಹುಳಿ ಹೆಚ್ಚಾಗಿದೆ! ನಾಲಿಗೆ ಉಂಟಾ ನಿನಗೆ?" ಎಂದು ಎಲ್ಲರೆದುರು ನನ್ನನ್ನು ಗದರಿಸಿದರು. ಬೇರೆ ದಿನವಾಗಿದ್ದರೆ ನಾನು ಬಿಡುತ್ತಿದ್ದೆನೇ? ಅಂದು ಬೈಸಿಕೊಂಡು ಹಲ್ಲು ಬಿಟ್ಟು ನಿಂತೆ. ನನಗೆ ಅಷ್ಟು ಸಂತೋಷವಾಗಿತ್ತು.

ಹುಡುಗಿ ಇನ್ನು ಹೋಟೆಲನ್ನೇ ತಲೆಕೆಳಗು ಮಾಡುತ್ತಾಳೆಂದು ತಿರುಗಿ ನೋಡಿದರೆ ಅವಳು ಅಲ್ಲಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ಬೆನ್ನು ಅದುರುತ್ತಿತ್ತು. ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟೆ.

"ಹುಚ್ಚಿ, ಈಗ ಯಾಕೆ ಅಳುವುದು?"

"ಮಳೆ ಬಿದ್ರೆ ಹಣ್ಣಿಗೆಲ್ಲ ಹುಳ ಆಗ್ತದೆ ದೊಡ್ಡಮ್ಮಾ" ಎಂದಳು ಬಿಕ್ಕುತ್ತ. "ಸೀಸನ್ ಮುಗಿದೇ ಹೋಯ್ತು ಅಂತ ನನಗೆ ದಿನಾ ಹೆದರಿಕೆ ಆಗ್ತಿತ್ತು. ದೊಡ್ಡಪ್ಪನಿಗೆ ಗೊತ್ತಾಗ್ಬಾರ್ದು ಅಂತ ಕುಣಿತಾ ಇದ್ದದ್ದು."

ನಾನು ಅವಳನ್ನು ಎದೆಗೆ ಎಳೆದುಕೊಂಡೆ. ಸೊನೆಯೋ ಮಳೆನೀರೋ ಕಣ್ಣೀರೋ, ಸೆರಗಿನಿಂದ ಎಷ್ಟು ಒರೆಸಿದರೂ ಆ ಮುಖ ಒಣಗಲಿಲ್ಲ. ಹೊರಗೆ ಮಳೆ ಜೋರಾಯಿತು. ಒಳಗೆ ಇವರು ಒಗ್ಗರಣೆಯಲ್ಲಿ ಇಂಗು ಕಡಿಮೆಯಾಯಿತೆಂದು ಬೈಯುತ್ತಿದ್ದರು.