ಗಗನಧೀರರು ಎದ್ದರೋ ಇಲ್ಲವೋ ಎಂಬ ಬಗ್ಗೆ

ಮಾನ್ಯ ಶ್ರೀ ಗಗನಧೀರ ಅವರಿಗೆ,
ಲೋಕರಕ್ಷಕರು,
ಮಹಾನಗರದ ಮೇಲಿನ ಆಕಾಶ.

ಮಾನ್ಯರೇ,

ಮಹಾಪರಾಕ್ರಮಿಗಳಾದ ತಮ್ಮ ಪಾದಗಳಿಗೆ, ಅವು ನೆಲಕ್ಕೆ ಯಾವಾಗ ತಾಗುತ್ತವೆಯೋ ಆವಾಗ ಮುಟ್ಟಲಿ ಎಂದು, ಬ್ಯಾಡಗಿಯಿಂದ ಕೊಟ್ರಪ್ಪನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ತಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಎಲ್ಲರೂ ರೂಢಿಗೆ ಬರೆಯುತ್ತಾರೆ, ನಾನು ಮಾತ್ರ ಖರೇನೇ ಕೇಳುತ್ತಿದ್ದೇನೆ, ಏಕೆಂದರೆ ತಾವು ಬದುಕಿದ್ದೀರೋ ಇಲ್ಲವೋ ಎಂಬುದೇ ಈ ಪತ್ರದ ವಿಷಯ.

ನಾನು ಇಲ್ಲಿಯ ಮೆಣಸಿನಕಾಯಿ ಪೇಟೆಯ ಪಕ್ಕದಲ್ಲಿ ಗೋಣಿಚೀಲ ಮತ್ತು ಹುರಿ ಮಾರುವ ಅಂಗಡಿಯವನು. ಏಳನೇ ಇಯತ್ತೆಯ ನಡುವೆ ಸಾಲಿ ಬಿಟ್ಟವನು. ಪತ್ರಲೇಖನದಲ್ಲಿ ಮಾಸ್ತರರು ರಜೆ ಅರ್ಜಿಯವರೆಗೆ ಕಲಿಸಿದ್ದರು, ದೊಡ್ಡವರಿಗೆ ಬರೆಯುವ ಪಾಠ ಮುಂದೆ ಇತ್ತು, ಅಷ್ಟರಲ್ಲಿ ನಾನು ಇರಲಿಲ್ಲ. ಆದ್ದರಿಂದ ಇದು ಎಲ್ಲಿಯಾದರೂ ಜ್ವರ ಬಂದವನ ಅರ್ಜಿಯಂತೆ ಕಂಡರೆ ಮನ್ನಿಸಬೇಕು. ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಸಿಟ್ಟಾಗಬಾರದು. ತಮ್ಮ ಮನೆ ಎಲ್ಲಿದೆ ಎಂದು ತಿಳಿದರೆ ವೈರಿಗಳು ತಾಯಿಯವರಿಗೆ ತೊಂದರೆ ಕೊಡುತ್ತಾರೆ ಎಂದು ಸಿನಿಮಾದಲ್ಲಿ ತಾವೇ ಹೇಳಿದ್ದೀರಿ. ನನ್ನಿಂದ ಆ ತಾಯಿಗೆ ತೊಂದರೆ ಆಗಬಾರದು.

ಮೊದಲಿಗೆ, ತಾವು ನಮ್ಮ ಮನೆಗೆ ಬಂದದ್ದಕ್ಕೆ ಉಪಕಾರ ಸ್ಮರಿಸಬೇಕು. ಮುಂಚೆ ತಮ್ಮಂಥವರನ್ನು ನೋಡಬೇಕೆಂದರೆ ನಾವು ರಾಣೆಬೆನ್ನೂರಿಗೆ ಹೋಗಬೇಕಾಗಿತ್ತು. ಅಲ್ಲಿ ತಾವೆಲ್ಲ ಗೋಡೆಯಷ್ಟು ಎತ್ತರ ಇರುತ್ತಿದ್ದಿರಿ. ಈಗ ನನ್ನ ಮಗಳು ಭುವನಾ ಕಂತಿನಲ್ಲಿ ತಂದ ಟೀವಿಯಲ್ಲಿ, ನಮ್ಮ ಫ್ರಿಜ್ಜಿಗೂ ದೇವರ ಜಗಲಿಗೂ ನಡುವಿನ ಜಾಗದಲ್ಲಿ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಾವೇ ಬಂದು ಲೋಕವನ್ನು ಕಾಪಾಡಿ ಹೋಗುತ್ತೀರಿ. ಇಷ್ಟು ದೊಡ್ಡವರು ಇಷ್ಟು ಸಣ್ಣ ಜಾಗದಲ್ಲಿ ಹೊಂದಿಕೊಂಡದ್ದು ತಮ್ಮ ದೊಡ್ಡತನ.

ಆದರೆ ಬಂದ ಅತಿಥಿಯನ್ನು ನಾವು ಸರಿಯಾಗಿ ನೋಡಿಕೊಂಡೆವೇ ಎಂಬ ಚಿಂತೆ ನನಗೆ ಇನ್ನೂ ಹೋಗಿಲ್ಲ. ಕಟ್ಟಡಕ್ಕೆ ಬೆಂಕಿ ಬಿದ್ದು, ತಾವು ಒಂದು ಕೈ ಮುಂದೆ ಚಾಚಿ ಹಾರಿ ಬರುತ್ತಿದ್ದಾಗಲೇ ಒಲೆಯ ಮೇಲೆ ಚಹಾ ಉಕ್ಕಿತು, ಭುವನಾ ತಮ್ಮನ್ನು ನಡು ಆಕಾಶದಲ್ಲಿ ನಿಲ್ಲಿಸಿ ಅಡುಗೆಮನೆಗೆ ಹೋದಳು. ಚಹಾ ಸೋಸಿ, ಎಲ್ಲರಿಗೂ ಕೊಟ್ಟು, ಸಕ್ಕರೆ ಕಡಿಮೆಯಾದವರಿಗೆ ಸಕ್ಕರೆ ಹಾಕಿ, ಚುರುಮುರಿ ಕಲಸುವವರೆಗೆ ತಾವು ಹಾಗೆಯೇ ಕೈ ಚಾಚಿಕೊಂಡು ನಿಂತಿದ್ದಿರಿ, ಕೆಳಗೆ ಕಿಟಕಿಯಲ್ಲಿ ಒಬ್ಬ ಹೆಣ್ಣುಮಗಳು ಬಾಯಿ ತೆರೆದುಕೊಂಡು ನಿಂತಿದ್ದಳು. ನಾನಂತೂ ಆ ಚಹಾವನ್ನು ಟೀವಿಗೆ ಬೆನ್ನು ಮಾಡಿ ಕುಡಿದೆ. ಮುಂದೆ ಖಳನಾಯಕನು ತನ್ನ ಗುಟ್ಟು ಹೇಳುವ ಹೊತ್ತಿಗೆ ಪಕ್ಕದ ಅಂಗಳದಲ್ಲಿ ಮೆಣಸಿನಕಾಯಿ ಹರವಿದರು, ಘಾಟು ಒಳಗೆ ಬಂತು, ನಾವೆಲ್ಲ ಸೀನಿದೆವು, ಗುಟ್ಟು ಕೇಳಿಸಲಿಲ್ಲ. ಎರಡು ಸಲ ಹಿಂದಕ್ಕೆ ಹಾಕಿದರು, ಎರಡು ಸಲವೂ ಸೀನಿದೆವು. ಆ ಒಬ್ಬ ಮನುಷ್ಯನಿಗೆ ತಾವು ಒಂದೇ ಹೊಡೆತವನ್ನು ಮೂರು ಸಲ ಹೊಡೆಯಬೇಕಾಯಿತು. ಒಂದು ಸಲವೂ ಬೇಸರ ತೋರಿಸಲಿಲ್ಲ. ತಮ್ಮ ಸಹನೆಯ ಮುಂದೆ ತಮ್ಮ ಶಕ್ತಿ ಏನೂ ಅಲ್ಲ.

ತಮ್ಮ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಯನ್ನೂ ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ನನ್ನ ಗೆಳೆಯ ಮಹಮ್ಮದಗೌಸ, ಪೇಟೆಯಲ್ಲಿ ವಯಸ್ಸು ಪೂರ್ತಿ ಹಮಾಲಿ ಮಾಡಿದವನು, ತಾವು ಬಸ್ಸನ್ನು ಎತ್ತಿದ್ದನ್ನು ನೋಡಿ ತಲೆ ಅಲ್ಲಾಡಿಸಿದ. "ಎತ್ತೂ ರೀತಿ ತಪ್ಪೈತೊ ಕೊಟ್ರ್ಯಾ. ಮೊಣಕಾಲ ಮಡಚಬೇಕು. ಹಿಂಗ ನಡಾ ಬಗ್ಗಿಸಿ ಎತ್ತಿದ್ರ ನಾಳಿಂದ ಹಾಸಿಗಿ ಹಿಡೀತಾನ ನೋಡು" ಎಂದ. ನನ್ನ ತಾಯಿ ಗದಿಗೆವ್ವನಿಗೆ ತಮ್ಮ ಅರಿವೆಯದೇ ಚಿಂತೆ. "ನಮ್ಮ ಕದರಮಂಡಲಗಿ ಹಣಮಪ್ಪ ಗುಡ್ಡಾನ ಹೊತ್ತಾನ, ಇಷ್ಟ ಬಿಗಿ ಅಂಗಿ ತೊಟ್ಟಿದ್ದನೇನು? ಇವಗ ಉಸರಾಡಾಕರ ಬರತೈತೋ ಇಲ್ಲೋ!" ಎಂದು ಆಕೆ ತನ್ನ ಸೆರಗನ್ನೇ ಸಡಿಲು ಮಾಡಿಕೊಂಡಳು. ನನಗೆ ಇವೆರಡೂ ಹೊಳೆಯಲಿಲ್ಲ. ತಾವು ಖಳನಾಯಕನನ್ನು ಎತ್ತಿ ಒಗೆದಾಗ ಅವನು ಹೋಗಿ ಬಿದ್ದನಲ್ಲ, ಆ ಬಾಳೆಹಣ್ಣಿನ ತಳ್ಳುಗಾಡಿ, ಅದರ ಮಾಲೀಕನಿಗೆ ಆಮೇಲೆ ಯಾರಾದರೂ ಏನಾದರೂ ಕೊಟ್ಟರೇ ಎಂದು ನಾನು ಕೇಳಿದೆ. ಎಲ್ಲರೂ ನಕ್ಕರು. ತಾವಾದರೂ ಉತ್ತರ ಕೊಡುತ್ತೀರಿ ಎಂದು ನಂಬಿದ್ದೇನೆ.

ಇನ್ನು ದೂರಿನ ವಿಷಯ. ಇದನ್ನು ತಿಳಿಯಲು ತಮಗೆ ನಮ್ಮ ಬಸ್ಸಿನ ಬಗ್ಗೆ ಹೇಳಬೇಕು.

ರಾಣೆಬೆನ್ನೂರಿನಲ್ಲಿ ಸಂಜೆಯ ಆಟ ಮುಗಿಯುವ ಮೊದಲೇ ಬ್ಯಾಡಗಿಯ ಕಡೆಯ ಬಸ್ಸು ಹೊರಡುತ್ತಿತ್ತು. ಹೀಗಾಗಿ ನಾಯಕನಿಗೆ ದೊಡ್ಡ ಪೆಟ್ಟು ಬಿದ್ದು ಅವನು ನೆಲಕ್ಕೆ ಒರಗಿದ ಎಂದರೆ ನಾನು ಮತ್ತು ಮಹಮ್ಮದಗೌಸ ಕತ್ತಲಲ್ಲಿ ಕಾಲಿನಿಂದ ಚಪ್ಪಲಿ ಹುಡುಕಲು ಶುರು ಮಾಡುತ್ತಿದ್ದೆವು. ನಮ್ಮ ಇಡೀ ಆಯುಷ್ಯದಲ್ಲಿ ನಾವು ಒಂದು ಸಿನಿಮಾದ ಕೊನೆಯನ್ನೂ ಕಂಡವರಲ್ಲ. ಕೊನೆಯನ್ನು ನಾವೇ ಬಸ್ಸಿನಲ್ಲಿ ಮಾಡುತ್ತಿದ್ದೆವು. ನಾನು ಚಿಂತೆಯ ಮನುಷ್ಯ, ಯಾರಾದರೂ ಸತ್ತಿರಬೇಕು ಎನ್ನುತ್ತಿದ್ದೆ. ಅವನು ಎಲ್ಲರನ್ನೂ ಎಬ್ಬಿಸಿ, ಮದುವೆ ಮಾಡಿ, ಖಳನಾಯಕನಿಗೂ ಒಂದು ತುತ್ತು ಉಣ್ಣಿಸುತ್ತಿದ್ದ. ಜಗಳ ಆಗುತ್ತಿತ್ತು, ಆದರೆ ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ನಮ್ಮೂರ ಕಡೆ ಹೊರಳುವುದರೊಳಗೆ ಒಬ್ಬರು ಸೋಲಲೇಬೇಕು ಎಂದು ನಮ್ಮಲ್ಲಿ ಕರಾರು. ಕ್ರಾಸು ದಾಟಿದ ಮೇಲೆ ಆ ಸಿನಿಮಾದ ಮಾತು ಎತ್ತುವಂತಿಲ್ಲ.

ಮಾನ್ಯರೇ, ಹಿಡಿದ ಚಾಳಿ ಬಿಡುವುದಿಲ್ಲ. ತಮ್ಮ ಎದೆಗೆ ಆ ನೀಲಿ ಬೆಂಕಿಯ ಉಂಡೆ ಬಡಿದು, ತಾವು ಕಟ್ಟಡದ ಮೇಲಿನಿಂದ ಬಿದ್ದು, ಕಣ್ಣು ಮುಚ್ಚಿದಿರಿ. ನಮ್ಮ ಮನೆಯ ಪಡಸಾಲೆಯಲ್ಲಿ, ಹಾಡು ಹಗಲಿನಲ್ಲಿ, ಹಿಡಿಯಬೇಕಾದ ಬಸ್ಸು ಯಾವುದೂ ಇಲ್ಲದಾಗಲೂ, ನಾನು ಮತ್ತು ಮಹಮ್ಮದಗೌಸ ಒಮ್ಮೆಲೇ ಎದ್ದು ಬಾಗಿಲ ಹೊರಗೆ ಚಪ್ಪಲಿ ಹುಡುಕತೊಡಗಿದೆವು. ನಾವಿಬ್ಬರೂ ಎದ್ದೆವಲ್ಲ, ಸಿನಿಮಾ ಮುಗಿಯಿತು ಎಂದು ತಿಳಿದು ನಮ್ಮವ್ವ ಕರೆಂಟು ಉಳಿಸಲು ಟೀವಿಯ ಗುಂಡಿ ಆರಿಸಿದಳು.

ಮನೆಯಲ್ಲಿ ಸಿನಿಮಾ ನೋಡುವುದರ ದೋಷ ನನಗೆ ತಿಳಿದದ್ದು ಆವಾಗಲೇ. ಮನೆಯಲ್ಲಿ ಎಲ್ಲ ಸೌಕರ್ಯವೂ ಇದೆ, ಮೋಟೆಬೆನ್ನೂರು ಕ್ರಾಸು ಇಲ್ಲ. ಗಗನಧೀರರು ಸತ್ತರು ಎಂದು ನಾನು, ಎದ್ದಾರು ಎಂದು ಅವನು. ಚಹಾ ಮುಗಿಯಿತು, ಮಾತು ಮುಗಿಯಲಿಲ್ಲ. ಮರುದಿನ ಪೇಟೆಯಲ್ಲಿ ಅದೇ ಮಾತು, ಚೀಲ ಹೊಲಿಯುವವರು ಎರಡು ಪಾರ್ಟಿ ಆದರು. ಸಂಜೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತಾಗ ನಾನು, ದೇವರೇ ಯಾಕೆ ಆಡಿಸಿದನೋ, "ಎದಿಗೆ ಅಷ್ಟ ದೊಡ್ಡ ಪೆಟ್ಟ ಬಿದ್ದ ಮ್ಯಾಲ ಯಾರ ಎದ್ದಾರಲೇ ಗೌಸ್ಯಾ?" ಎಂದುಬಿಟ್ಟೆ.

ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನಿನಗ ಯಾವತ್ತೂ ಹೆಣಾನ ಬೇಕಲೇ ಕೊಟ್ರ್ಯಾ. ನನಗ ಸ್ಪ್ರಿಂಗ್ ಹಾಕಿದಾಗೂ ದವಾಖಾನಿ ಬಾಗಲದಾಗ ಕುಂತು ಅತ್ತಿ. ಒಳಗ ನಾ ಬ್ರೆಡ್ ತಿನ್ನಾಕತ್ತಿದ್ದೆ" ಎಂದು ಎದ್ದು ಹೋದ.

ಹೌದು, ಅವನ ಎದೆಯಲ್ಲಿ ಸ್ಪ್ರಿಂಗು ಇದೆ. ಹೃದಯದ ರಕ್ತನಾಳ ಕಟ್ಟಿತ್ತೆಂದು ಹೋದ ವರ್ಷ ಹಾಕಿಸಿದ್ದು, ಡಾಕ್ಟರರು ಅದಕ್ಕೆ ಸ್ಟೆಂಟು ಎನ್ನುತ್ತಾರೆ. ಅಷ್ಟು ಗೊತ್ತಿದ್ದೂ ನಾನು ತಮ್ಮ ಎದೆಯ ಮಾತು ಆಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಅವನು ಕಟ್ಟೆಗೆ ಬರುವುದನ್ನು ಬಿಟ್ಟ ಮೇಲೆ, ಚೀಲ ಒಯ್ಯಲು ಬಂದ ಅವನ ಹೆಂಡತಿ ಕುಲ್ಸುಮಬಿ ಹೇಳಿದಳು: "ಅಣ್ಣಾರ, ನಿಮಗ ಅದು ಸಿನಿಮಾ. ಇವರು ತಮ್ಮ ಎದಿ ಮ್ಯಾಲ ಕೈ ಇಟ್ಕೊಂಡು ನೋಡಾಕತ್ತಿದ್ರು. ಬರೂ ವಾರ ಹಾವೇರಿಗೆ ತಪಾಸಣಿಗೆ ಹೋಗೂದೈತಿ. ಕೊಟ್ರಪ್ಪ ಬ್ಯಾಡ, ಅವಾ ಬಂದ್ರ ಮೊದಲ ಮಣ್ಣ ಮಾಡತಾನ ಅಂತಾರ. ನಮ್ಮ ಮಗಾ ನಯಾಜನ್ನ ಕರಕೊಂಡು ಹೊಂಟಾರ."

ಪ್ರತಿ ತಪಾಸಣೆಗೂ ಅವನ ಜೊತೆ ಹೋದವನು ನಾನು. ಚಿಂತೆ ಮಾಡಲಿಕ್ಕಾದರೂ ಒಬ್ಬರು ಬೇಕಲ್ಲ ಎಂದು ಅವನೇ ಕರೆಯುತ್ತಿದ್ದ.

ಗಗನಧೀರರೇ, ಒಂದು ಗುಂಡಿ ಒತ್ತಿದರೆ ಸತ್ಯ ತಿಳಿಯುತ್ತಿತ್ತು, ಅದನ್ನು ನಾನು ಬಲ್ಲೆ. ತಮ್ಮ ಚಿತ್ರದ ಕೆಳಗೆ ಒಂದು ಕೆಂಪು ಗೆರೆ ಇದೆ, ಅದು ತುದಿ ಮುಟ್ಟಲು ಇನ್ನು ತುಸುವೇ ಬಾಕಿ. ಟೀವಿ ಹಚ್ಚಿದಾಗಲೆಲ್ಲ ಅದು ಮುಂದುವರಿಸುವಿರಾ, ಮುಂದುವರಿಸುವಿರಾ ಎಂದು ವಕೀಲರ ಹಾಗೆ ಕೇಳುತ್ತದೆ. ರಿಮೋಟು ಹಿಡಿದುಕೊಂಡು ಕುಳಿತೆ, ಒತ್ತಲಿಲ್ಲ. ತಾವು ಎದ್ದಿದ್ದರೆ ನಾನು ಸೋತೆ, ಅದು ಹೋಗಲಿ. ತಾವು ಏಳದೇ ಇದ್ದರೆ ನಾನು ಗೆದ್ದೆ. ಆ ಗೆಲುವನ್ನು ತೆಗೆದುಕೊಂಡು ಯಾರ ಮನೆಗೆ ಹೋಗಲಿ? ಭುವನಾ ಮೊಬೈಲಿನಲ್ಲಿ ಪೂರ್ತಿ ನೋಡಿದ್ದಾಳೆ. ಹೇಳಬೇಡ ಎಂದು ಆಣೆ ಹಾಕಿಸಿದ್ದೇನೆ. ಅವಳು ನಕ್ಕಳು. ಅದು ಯಾವ ತರಹದ ನಗೆ ಎಂಬುದನ್ನು ನಾನು ಇವತ್ತಿನವರೆಗೂ ಯೋಚಿಸುತ್ತಿದ್ದೇನೆ.

ತಪಾಸಣೆಯ ದಿನ ಕರೆಯದಿದ್ದರೂ ಹೋಗಿ ಬಸ್ಸು ಹತ್ತಿದೆ. ಅವನ ಹಿಂದಿನ ಸೀಟಿನಲ್ಲಿ ಕುಳಿತೆ. ನಯಾಜ ನನ್ನನ್ನು ನೋಡಿ, ಬಾಯಿ ಮುಚ್ಚಿ ನಗುತ್ತ, ಕಿಟಕಿಯ ಗಾಳಿ ಬೇಕು ಎಂದು ದೂರ ಹೋಗಿ ಕುಳಿತ. ಮಹಮ್ಮದಗೌಸ ಹಿಂದೆ ತಿರುಗಲಿಲ್ಲ. ಹಾವೇರಿಯಲ್ಲಿ ಡಾಕ್ಟರರು ಅವನ ಎದೆಗೆ ಏನೇನೋ ಹಚ್ಚಿ ನೋಡಿದರು, ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ, ಅಳಬಾರದೆಂದು ಗೋಡೆಯ ಮೇಲಿನ ಕ್ಷಯರೋಗದ ಬೋರ್ಡು ಓದಿದೆ, ಓದಿದ್ದರಿಂದ ಆ ಚಿಂತೆಯೂ ಹತ್ತಿತು. ಎಲ್ಲ ಚಲೋ ಇದೆ, ಚೀಲ ಮಾತ್ರ ಎತ್ತಬೇಡಿ ಎಂದು ಹೇಳಿ ಕಳಿಸಿದರು.

ತಿರುಗಿ ಬರುವಾಗ ಬಸ್ಸು ಹೆದ್ದಾರಿ ಹಿಡಿಯಿತು. ಹಾವೇರಿಯಿಂದ ಬಂದರೂ ರಾಣೆಬೆನ್ನೂರಿನಿಂದ ಬಂದರೂ ನಮ್ಮೂರಿಗೆ ಹೊರಳುವುದು ಅದೇ ಕ್ರಾಸಿನಲ್ಲಿ. ದೂರದಲ್ಲಿ ಮೋಟೆಬೆನ್ನೂರಿನ ಬೋರ್ಡು ಕಂಡಿತು. ನಾನು ಮುಂದೆ ಬಾಗಿದೆ.

"ಗೌಸ್ಯಾ."

"ಏನು?"

"ಎದ್ದನಲೇ ಅವಾ."

ಅವನು ಕಿಟಕಿಯ ಹೊರಗೇ ನೋಡುತ್ತಿದ್ದ. "ಯಾವಾಗ?"

"ನಾವು ಚಪ್ಪಲಿ ಹುಡುಕಾಕತ್ತಿದ್ವೆಲ್ಲ, ಆವಾಗ."

"ಹೆಂಗ ಎದ್ದ?"

"ಬಲಗೈ ಊರಿ."

"ನಡಾ ಬಗ್ಗಿಸಲಿಲ್ಲಲ್ಲ?"

"ಇಲ್ಲೋ ಮಾರಾಯ. ಮೊಣಕಾಲ ಮಡಚೇ ಎದ್ದ."

"ಹಂಗಾರ ಖರೆ" ಎಂದು ಅವನು ತನ್ನ ಪಕ್ಕದ ಸೀಟಿನ ಮೇಲಿದ್ದ ಔಷಧದ ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡ. ನಾನು ಎದ್ದು ಅವನ ಪಕ್ಕಕ್ಕೆ ಹೋಗಿ ಕುಳಿತೆ. ಬಸ್ಸು ಹೊರಳಿತು.

ಆದ್ದರಿಂದ ಮಾನ್ಯರೇ, ತಾವು ಬದುಕಿದ್ದೀರಿ. ಇದನ್ನು ತಮಗೆ ತಿಳಿಸುವುದೇ ಈ ಪತ್ರದ ಮುಖ್ಯ ಉದ್ದೇಶ. ತಮ್ಮ ಕಡೆಯ ಕಾಗದಪತ್ರಗಳಲ್ಲಿ ಬೇರೆ ಏನಾದರೂ ಇದ್ದರೆ ದಯಮಾಡಿ ತಿದ್ದಿಸಿಕೊಳ್ಳಬೇಕು. ಕ್ರಾಸಿನ ಮೊದಲು ಆದ ತೀರ್ಮಾನ, ಅದರ ಮೇಲೆ ಅಪೀಲು ಇಲ್ಲ. ಒಂದು ವೇಳೆ ಉಳಿದ ಆ ತುಸು ಕೆಂಪು ಗೆರೆಯಲ್ಲಿ ತಾವು ಖರೇನೇ ತೀರಿಕೊಂಡಿದ್ದರೆ, ಯಾರೂ ನೋಡದ ಹೊತ್ತಿನಲ್ಲಿ ಮೆಲ್ಲಗೆ ಎದ್ದುಬಿಡಿ. ತಮ್ಮಂಥವರಿಗೆ ಅದೇನು ದೊಡ್ಡ ಕೆಲಸವಲ್ಲ. ಬಲಗೈ ಊರಿ ಏಳುವುದು ಮರೆಯಬಾರದು, ನಾನು ಮಾತು ಕೊಟ್ಟಿದ್ದೇನೆ. ಎದ್ದ ಮೇಲೆ, ದಾರಿಯಲ್ಲೇ ಆಗುವುದರಿಂದ, ಆ ಬಾಳೆಹಣ್ಣಿನವನ ಗಾಡಿಯನ್ನೂ ಎತ್ತಿ ನಿಲ್ಲಿಸಿ ಬರಬೇಕು. ಮುಂದುವರಿಸುವಿರಾ ಎಂದು ಕೇಳುವ ಆ ಟೀವಿಗೂ ತಾವೇ ಒಂದು ಮಾತು ಹೇಳಿದರೆ, ನಮ್ಮ ಮಾತು ಅದು ಕೇಳುವುದಿಲ್ಲ, ತಮ್ಮ ಮಾತು ಕೇಳೀತು.

ತಮ್ಮ ಜೀವದ ಬಗ್ಗೆ ತಮಗಿಂತ ಹೆಚ್ಚು ಚಿಂತೆಯುಳ್ಳ
ತಮ್ಮ ವಿಶ್ವಾಸಿ,
ಕೊಟ್ರಪ್ಪ
ಬ್ಯಾಡಗಿ

ತಾ.ಕ.: ತಮ್ಮ ಎರಡನೆಯ ಭಾಗ ಬರುತ್ತದೆಯಂತೆ. ಮಹಮ್ಮದಗೌಸ ಈಗಲೇ ನಮ್ಮ ಪಡಸಾಲೆಯಲ್ಲಿ ಫ್ಯಾನಿನ ಕೆಳಗಿನ ಜಾಗ ಹಿಡಿದಿದ್ದಾನೆ. ಅದರಲ್ಲಿ ತಮಗೆ ಸಾಯಲೇಬೇಕಾದ ಪ್ರಸಂಗ ಬಂದರೆ ನಮ್ಮ ಅಭ್ಯಂತರವೇನೂ ಇಲ್ಲ, ತಾವು ದೊಡ್ಡವರು. ಆದರೆ ದಯವಿಟ್ಟು ಸ್ವಲ್ಪ ತಡೆದು, ನಾವಿಬ್ಬರೂ ಎದ್ದು ಚಪ್ಪಲಿ ಮೆಟ್ಟಿದ ಮೇಲೆ ಸಾಯಬೇಕಾಗಿ ವಿನಂತಿ.